ಮಾಯವಾಗುವ ದ್ವೀಪವನ್ನು ಓದುವುದು ಹೇಗೆ?

ಜಪಾನಿನ ಲೇಖಕಿ ಯೊಕೊ ಒಗಾವಾ ಅವರ ಕಾದಂಬರಿ 'ದಿ ಮೆಮೊರಿ ಪೊಲೀಸ್' ಓದಲು ಕೂತವರಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ಪ್ರಶ್ನೆ ಕಾಡಲು ಶುರುವಾಗುತ್ತದೆ. ಇದೆಲ್ಲ ಯಾಕೆ ಆಗ್ತಿದೆ? ಉತ್ತರ ಸಿಗುವುದಿಲ್ಲ. ಕೊನೇ ಪುಟದವರೆಗೂ ಸಿಗುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಮೊದಲೇ ಪಕ್ಕಕ್ಕಿಟ್ಟು ಓದಿದರೆ ಒಳ್ಳೆಯದು. ಕ್ಲಾಸಿಗಾಗಿ ಓದುವವರಿಗೆ, ಓದುಗರ ಬಳಗದಲ್ಲಿ ಚರ್ಚೆ ಮಾಡಬೇಕಾದವರಿಗೆ, ಸುಮ್ನೆ ಕುತೂಹಲಕ್ಕೆ ಓದುವವರಿಗೆ ಒಂದು ದಾರಿ ಇಲ್ಲಿದೆ. ಕಥೆಯ ಕೊನೆಯನ್ನೂ ಹೇಳಿದ್ದೇನೆ, ಅದು ಬೇಡ ಅನ್ನುವವರು ಪುಸ್ತಕ ಮುಗಿಸಿ ಬನ್ನಿ.

ಮೊದಲು ಇಸವಿ ನೋಡಿ

ಜಪಾನಿ ಭಾಷೆಯಲ್ಲಿ ಇದು ಬಂದಿದ್ದು 1994ರಲ್ಲಿ. ಸ್ಟೀಫನ್ ಸ್ನೈಡರ್ ಅವರ ಇಂಗ್ಲಿಷ್ ಅನುವಾದ ಬಂದಿದ್ದು 2019ರಲ್ಲಿ, ಮರುವರ್ಷ ಅದು ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿಯ ಕಿರುಪಟ್ಟಿಗೂ ಹೋಯಿತು. ನಡುವೆ 25 ವರ್ಷ. ಈಗ ಓದುವವರಿಗೆ ಮೊಬೈಲ್, ಕ್ಯಾಮೆರಾ, ಆನ್‌ಲೈನ್ ಕಣ್ಗಾವಲು ತಕ್ಷಣ ನೆನಪಾಗುತ್ತದೆ, ಆದರೆ ಪುಸ್ತಕದಲ್ಲಿ ಅದ್ಯಾವುದೂ ಇಲ್ಲ. ಇಲ್ಲಿರುವುದು ಟೈಪ್‌ರೈಟರ್, ದೋಣಿ, ಹಿಮ, ತರಕಾರಿ ಅಂಗಡಿ. ಕಥೆಯಲ್ಲಿ ಭೂಕಂಪ ಆಗಿ ಸುನಾಮಿಯೂ ಬರುತ್ತದೆ. ಅದನ್ನು 2011ರ ಜಪಾನ್ ದುರಂತಕ್ಕೆ ತಳಕು ಹಾಕಬೇಡಿ, ಬರೆದದ್ದು ಅದಕ್ಕಿಂತ 17 ವರ್ಷ ಮೊದಲು.

ಪುಸ್ತಕಕ್ಕೆ ನಿಜವಾಗಿ ಸಂಬಂಧ ಇರುವುದು ನಾಜಿಗಳಿಂದ ತಪ್ಪಿಸಿಕೊಂಡು ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಬರೆದ ಡೈರಿಗೆ. ಹದಿಹರೆಯದಲ್ಲಿ ಅದನ್ನು ಓದಿದ್ದು ತಮ್ಮನ್ನು ಬರವಣಿಗೆಯ ಕಡೆ ತಿರುಗಿಸಿತು ಎಂದು ಒಗಾವಾ ಹೇಳಿಕೊಂಡಿದ್ದಾರೆ. ಇದಕ್ಕೆ ಆಮೇಲೆ ಬರೋಣ.

ಒಂದು ನೋಟ್‌ಬುಕ್, ಮೂರು ಕಾಲಂ

ಕಥೆ ಹೀಗಿದೆ. ಹೆಸರಿಲ್ಲದ ಒಂದು ದ್ವೀಪ. ಅಲ್ಲಿ ಆಗಾಗ ಒಂದೊಂದು ವಸ್ತು 'ಮಾಯ'ವಾಗುತ್ತದೆ. ಬೆಳಿಗ್ಗೆ ಎದ್ದಾಗ ಜನರಿಗೆ ಏನೋ ವ್ಯತ್ಯಾಸ ಆಗಿದೆ ಅನ್ನಿಸುತ್ತದೆ. ಯಾವುದು ಹೋಯಿತು ಅಂತ ಗೊತ್ತಾದ ಮೇಲೆ ಆ ವಸ್ತುವನ್ನು ಸುಡುತ್ತಾರೆ, ಹೊಳೆಗೆ ಬಿಡುತ್ತಾರೆ, ಹೇಗೋ ಒಂದು ಕೈ ಬಿಡಿಸಿಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಅದು ಇತ್ತು ಎನ್ನುವುದೇ ಮನಸ್ಸಿನಲ್ಲಿ ಉಳಿಯುವುದಿಲ್ಲ. ಕೆಲವರು ಮಾತ್ರ ಏನನ್ನೂ ಮರೆಯುವುದಿಲ್ಲ. ಅಂಥವರನ್ನು ಹುಡುಕಿ ಹಿಡಿದುಕೊಂಡು ಹೋಗುವುದು ಮೆಮೊರಿ ಪೊಲೀಸರ ಕೆಲಸ.

ನೋಟ್‌ಬುಕ್ಕಿನ ಮೊದಲ ಕಾಲಂನಲ್ಲಿ ಯಾವ ವಸ್ತು ಹೋಯಿತು ಅಂತ ಬರೆಯಿರಿ. ಎರಡನೆಯದರಲ್ಲಿ, ಅದನ್ನು ಕೈಯಾರೆ ತೊಲಗಿಸಿದವರು ಯಾರು. ಮೂರನೆಯದರಲ್ಲಿ, ಆಮೇಲೆ ಜನ ಏನು ಮಾಡಿದರು.

ಮೊದಲ ಕಾಲಂ ಬೇಗ ತುಂಬುತ್ತದೆ. ರಿಬ್ಬನ್, ಗಂಟೆ, ಪಚ್ಚೆ, ಅಂಚೆಚೀಟಿ, ಸುಗಂಧ, ಹಕ್ಕಿ, ಗುಲಾಬಿ, ಫೋಟೊ, ಕ್ಯಾಲೆಂಡರ್, ಕಾದಂಬರಿ. ಚಿಕ್ಕ ವಸ್ತುವಿನಿಂದ ಶುರುವಾದದ್ದು ಕೊನೆಗೆ ಮನುಷ್ಯನ ಕೈಕಾಲಿನವರೆಗೆ ಬರುತ್ತದೆ.

ಎರಡನೇ ಕಾಲಂ ತುಂಬುವಾಗಲೇ ಪುಸ್ತಕ ತೆರೆದುಕೊಳ್ಳುವುದು. ಅಲ್ಲಿ 'ಪೊಲೀಸರು' ಅಂತ ಬರೆಯುವ ಸಂದರ್ಭ ತೀರಾ ಕಡಿಮೆ! ಗುಲಾಬಿಯ ದಳಗಳನ್ನು ಹೊಳೆಗೆ ಬಿಟ್ಟವರು ಊರಿನವರೇ. ಪಂಜರದ ಹಕ್ಕಿಗಳನ್ನು ಹಾರಿಸಿದವರೂ ಅವರೇ. ಕಥೆ ಹೇಳುವ ಹೆಣ್ಣುಮಗಳು, ಅವಳಿಗೂ ಹೆಸರಿಲ್ಲ, ಫೋಟೊಗಳನ್ನು ತಾನೇ ಸುಡುತ್ತಾಳೆ, ಬೇಡ ಬೇಡ ಅಂತ ಹತ್ತಿರದವರು ಬೇಡಿಕೊಂಡರೂ ಕೇಳುವುದಿಲ್ಲ. ಪೊಲೀಸರು ಮರೆವನ್ನು ಹುಟ್ಟಿಸುವುದಿಲ್ಲ. ಮರೆವು ತಾನಾಗಿ ಬರುತ್ತದೆ, ಎಲ್ಲಿಂದಲೋ. ಪೊಲೀಸರು ಅದಕ್ಕೆ ಕಾವಲು ನಿಂತಿದ್ದಾರೆ, ಅಷ್ಟೇ. ಈ ಎರಡನ್ನೂ ಬೇರೆ ಬೇರೆಯಾಗಿ ಹಿಡಿದು ಓದುವುದೇ ಈ ಪುಸ್ತಕದ ಅಭ್ಯಾಸದಲ್ಲಿ ಮುಖ್ಯ ಕೆಲಸ ಅಂತ ನನ್ನ ಅಭಿಪ್ರಾಯ. ಎರಡನ್ನೂ ಒಂದೇ ಅಂದುಕೊಂಡರೆ ಇದು ಇನ್ನೊಂದು ಸರ್ವಾಧಿಕಾರದ ಕಥೆಯಾಗಿ ಮುಗಿದುಹೋಗುತ್ತದೆ.

ಬೇಕಾದರೆ ಜಾರ್ಜ್ ಆರ್ವೆಲ್ ಅವರ 1949ರ ಕಾದಂಬರಿ '1984'ರ ಪಕ್ಕ ಇಟ್ಟು ನೋಡಿ. ಅಲ್ಲಿ ಹಳೇ ಪತ್ರಿಕೆಗಳನ್ನು ತಿದ್ದಲು ಒಂದು ಇಲಾಖೆಯೇ ಇದೆ, ಗೋಡೆ ಗೋಡೆಯ ಮೇಲೂ ನಾಯಕನ ಮುಖ ಇದೆ, ಜನರ ತಲೆಗೆ ಸುಳ್ಳು ತುಂಬಲು ಹಗಲೂ ರಾತ್ರಿ ದುಡಿಮೆ ನಡೆಯುತ್ತದೆ. ಒಗಾವಾ ಅವರ ದ್ವೀಪದಲ್ಲಿ ನಾಯಕನೇ ಇಲ್ಲ, ಭಾಷಣ ಇಲ್ಲ, ಘೋಷಣೆ ಇಲ್ಲ. ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ನನಗೆ ಜಾಸ್ತಿ ದಿಗಿಲು ಹುಟ್ಟಿಸಿದ್ದು ಈ ದ್ವೀಪವೇ.

ಮೂರನೇ ಕಾಲಂನಲ್ಲಿ ಏನು ಬರುತ್ತದೆ? ಹೊಂದಾಣಿಕೆ. ಟೋಪಿ ಮಾಯವಾದಾಗ ಟೋಪಿ ಮಾಡುವವನು ಛತ್ರಿ ಮಾಡಲು ಶುರುಮಾಡುತ್ತಾನೆ. ದೋಣಿ ಸಂಚಾರ ನಿಂತಾಗ ಅದರ ಮೆಕ್ಯಾನಿಕ್ ಗೋದಾಮಿನ ಕಾವಲುಗಾರನಾಗುತ್ತಾನೆ. ಕಾದಂಬರಿಗಳು ಹೋದ ಮೇಲೆ ಕಾದಂಬರಿಕಾರ್ತಿಯಾದ ನಮ್ಮ ನಾಯಕಿ ಮಸಾಲೆ ಪದಾರ್ಥ ಮಾರುವ ಕಂಪನಿಯಲ್ಲಿ ಟೈಪಿಸ್ಟ್. ಯಾರೂ ಬೀದಿಗಿಳಿಯುವುದಿಲ್ಲ. ಎಲ್ಲರೂ ಒಳ್ಳೆಯವರೇ, ಪಾಪ, ಅಕ್ಕಪಕ್ಕದವರಿಗೆ ಸಹಾಯ ಮಾಡುವವರೇ. ಕ್ಯಾಲೆಂಡರ್ ಸಾಲು ಬಂದಾಗ ಸ್ವಲ್ಪ ನಿಲ್ಲಿ. ಕ್ಯಾಲೆಂಡರ್ ಸುಟ್ಟ ಮೇಲೆ ಅಲ್ಲಿ ವಸಂತ ಬರುವುದಿಲ್ಲ, ಹಿಮ ಬೀಳುತ್ತಲೇ ಇರುತ್ತದೆ. ಜನ ಅದಕ್ಕೂ ಒಗ್ಗಿಕೊಳ್ಳುತ್ತಾರೆ.

ಅಡಗುಕೋಣೆಯ ಲೆಕ್ಕ

ನಾಯಕಿಯ ಸಂಪಾದಕನನ್ನು ಪುಸ್ತಕ 'ಆರ್' ಅಂತಷ್ಟೇ ಕರೆಯುತ್ತದೆ. ಅವನಿಗೆ ಮರೆವು ಬರುವುದಿಲ್ಲ. ನಾಯಕಿ ಮತ್ತು ಆ ಹಳೇ ಮೆಕ್ಯಾನಿಕ್ ಮುದುಕ ಸೇರಿ ಮನೆಯ ಎರಡು ಅಂತಸ್ತುಗಳ ನಡುವಿನ ಜಾಗದಲ್ಲಿ ಗುಟ್ಟಾದ ಕೋಣೆ ಮಾಡಿ ಅವನನ್ನು ಬಚ್ಚಿಡುತ್ತಾರೆ.

ಈಗ ಆನ್ ಫ್ರಾಂಕ್‌ಗೆ ಬರೋಣ. ಆಮ್‌ಸ್ಟರ್‌ಡ್ಯಾಮಿನಲ್ಲಿ 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಆ ಹುಡುಗಿ ಅಡಗಿ ಕೂತು ಬರೆದಳು. ಅಲ್ಲಿ ಬರೆಯುವವಳು ಒಳಗಿದ್ದಳು. ಇಲ್ಲಿ ಬರೆಯುವವಳು ಹೊರಗಿದ್ದಾಳೆ, ಓದಿ ತಿದ್ದುವವನು ಒಳಗಿದ್ದಾನೆ. ಒಳಗಿರುವವನ ಮನಸ್ಸಿನಲ್ಲಿ ಎಲ್ಲವೂ ಹಾಗೇ ಇದೆ, ಸ್ವತಂತ್ರವಾಗಿ ಓಡಾಡುವವಳು ದಿನೇ ದಿನೇ ಖಾಲಿಯಾಗುತ್ತಿದ್ದಾಳೆ. ಒಗಾವಾ ಯಾಕೆ ಹೀಗೆ ಅದಲುಬದಲು ಮಾಡಿದರು? ಚರ್ಚೆಗೆ ಇಷ್ಟು ಪ್ರಶ್ನೆ ಸಾಕು, ಒಂದು ಸಂಜೆ ಕಳೆದುಹೋಗುತ್ತದೆ.

ಆರ್ ಮುದುಕನ ಹುಟ್ಟುಹಬ್ಬಕ್ಕೆ ಮ್ಯೂಸಿಕ್ ಬಾಕ್ಸ್ ಕೊಡುವ ಭಾಗಕ್ಕೆ ಗುರುತು ಹಾಕಿಕೊಳ್ಳಿ. ಅದು ಎಂದೋ ಮಾಯವಾದ ವಸ್ತು, ಮುದುಕನಿಗೆ ಅದೇನೆಂದೇ ತಿಳಿಯದು. ವಸ್ತುವನ್ನು ಕೈಯಲ್ಲಿಟ್ಟರೆ ನೆನಪು ಮರಳುತ್ತದೆ ಎಂದು ಆರ್ ಬಲವಾಗಿ ನಂಬಿದ್ದಾನೆ. ನಾಯಕಿಯ ತಾಯಿ ಶಿಲ್ಪಿ, ಅವಳಿಗೂ ನೆನಪು ಉಳಿಯುತ್ತಿತ್ತು. ತಾನು ಮಾಡಿದ ಶಿಲ್ಪಗಳೊಳಗೆ ಅವಳು ಮಾಯವಾದ ವಸ್ತುಗಳನ್ನು ಅಡಗಿಸಿಟ್ಟಿದ್ದಳು, ಭೂಕಂಪದಲ್ಲಿ ಶಿಲ್ಪ ಒಡೆದಾಗ ಅವು ಹೊರಬೀಳುತ್ತವೆ. ಆದರೆ ಕೈಯಲ್ಲಿ ಹಿಡಿದರೂ ಮಗಳ ಮನಸ್ಸಿನಲ್ಲಿ ಹೆಚ್ಚೇನೂ ಕದಲುವುದಿಲ್ಲ. ಆರ್ ಛಲ ಬಿಡದೆ ನೆನಪಿಸಿಕೋ, ನೆನಪಿಸಿಕೋ ಅನ್ನುತ್ತಾನೆ. ಅದು ಪ್ರೀತಿಯೋ ಒತ್ತಾಯವೋ? ನನಗಂತೂ ಕೆಲವು ಕಡೆ ಅವನ ಮೇಲೆ ಸಿಟ್ಟು ಬಂತು.

ಒಳಗಿನ ಕಥೆಯನ್ನು ಪ್ರತ್ಯೇಕವಾಗಿ ಓದಿ

ಈ ಹಂತವನ್ನು ತುಂಬಾ ಜನ ಹಾರಿಸಿಬಿಡುತ್ತಾರೆ. ನಾಯಕಿ ಬರೆಯುತ್ತಿರುವ ಕಾದಂಬರಿಯ ತುಣುಕುಗಳು ನಡುನಡುವೆ ಬರುತ್ತವೆ. ಎರಡನೇ ಓದಿನಲ್ಲಿ ಅವಷ್ಟನ್ನೇ ಆರಿಸಿ ಒಂದೇ ಸಲಕ್ಕೆ ಕೂತು ಓದಿ. ಒಬ್ಬ ಯುವತಿ ಟೈಪಿಂಗ್ ಕಲಿಯಲು ಹೋಗುತ್ತಾಳೆ, ದನಿ ಕಳೆದುಕೊಳ್ಳುತ್ತಾಳೆ, ಟೈಪ್‌ರೈಟರಿನ ಮೂಲಕವೇ ಮೇಷ್ಟ್ರ ಹತ್ತಿರ ಮಾತಾಡುತ್ತಾಳೆ. ಕೊನೆಗೆ ಆ ಮೇಷ್ಟ್ರೇ ಅವಳನ್ನು ಗಡಿಯಾರದ ಗೋಪುರದಲ್ಲಿ ಕೂಡಿಹಾಕುತ್ತಾನೆ.

ಹೊರಗಿನ ಕಥೆಯಲ್ಲಿ ಹೆಂಗಸು ಗಂಡಸನ್ನು ಉಳಿಸಲು ಕೋಣೆಯಲ್ಲಿ ಇಡುತ್ತಾಳೆ. ಒಳಗಿನದರಲ್ಲಿ ಗಂಡಸು ಹೆಂಗಸನ್ನು ಇಲ್ಲವಾಗಿಸಲು ಕೋಣೆಯಲ್ಲಿ ಇಡುತ್ತಾನೆ. ಬೀಗ ಎರಡೂ ಕಡೆ ಇದೆ. ಹೊರಗಿನ ಕಥೆಯ ಪೊಲೀಸರು ಅಂಗಡಿ ಬೀದಿಯಲ್ಲಿ ಬೂಟು ಸದ್ದು ಮಾಡುತ್ತಾ ಬರುತ್ತಾರೆ, ಅವರನ್ನು ಗುರುತಿಸುವುದು ಸುಲಭ. ಮೇಷ್ಟ್ರು ಹಾಗಲ್ಲ, ಅವನು ಅವಳು ಮೆಚ್ಚಿದವನು. ಅಧಿಕಾರ ಎಷ್ಟು ಬಗೆಯಲ್ಲಿ ಬರುತ್ತದೆ ಎಂದು ಪ್ರಬಂಧ ಬರೆಯಬೇಕಾದವರು ಇಲ್ಲಿಂದ ಶುರು ಮಾಡಿದರೆ ಪೊಲೀಸರ ದಾಳಿಯಿಂದ ಶುರು ಮಾಡಿದವರಿಗಿಂತ ಮುಂದೆ ಹೋಗುತ್ತಾರೆ.

ಬರೆಯುವಾಗ

'ದ್ವೀಪ ಅಂದರೆ ಇಂಥ ದೇಶ, ಹಕ್ಕಿ ಅಂದರೆ ಸ್ವಾತಂತ್ರ್ಯ' ಎಂಬಂಥ ಸಮೀಕರಣ ಬೇಡ. ಹಕ್ಕಿ ಮಾಯವಾಗುವುದಕ್ಕೆ ಮುಂಚೆ ತೀರಿಹೋದ ನಾಯಕಿಯ ತಂದೆ ಪಕ್ಷಿಶಾಸ್ತ್ರಜ್ಞ. ಹಕ್ಕಿ ಹೋದ ಮೇಲೆ ಪೊಲೀಸರು ಬಂದು ಅವನ ಕಾಗದಪತ್ರ ಬಾಚಿಕೊಂಡು ಹೋಗುತ್ತಾರೆ. ಹಕ್ಕಿಯ ಜೊತೆ ಮಗಳಿಗೆ ಅಪ್ಪನೂ ಎರಡನೇ ಸಲ ಹೋದ ಹಾಗೆ. ಇದು ಸ್ವಾತಂತ್ರ್ಯ ಅನ್ನುವ ಒಂದು ಪದದಲ್ಲಿ ಹಿಡಿಯುವ ವಿಷಯವಾ? ಒಂದು ವಸ್ತು ಆರಿಸಿಕೊಳ್ಳಿ. ಅದು ಯಾರ ಕೈಲಿತ್ತು, ಯಾರು ಬಿಟ್ಟರು, ಯಾರು ಬಚ್ಚಿಟ್ಟರು, ಮುಂದೆ ಇನ್ನೆಲ್ಲಿ ಅದರ ಸುಳಿವು ಬರುತ್ತದೆ ಎಂದು ಪುಟ ನಮೂದಿಸಿ ಹಿಂಬಾಲಿಸಿ.

ಕೊನೆಯ ಅಧ್ಯಾಯಕ್ಕೆ ಒಂದು ಪುಟವಾದರೂ ಮೀಸಲಿಡಿ. ನಾಯಕಿಯ ದೇಹ ಭಾಗ ಭಾಗವಾಗಿ ಹೋಗಿ ದನಿಯೊಂದು ಉಳಿಯುತ್ತದೆ, ಅದೂ ಹೋಗುತ್ತದೆ, ಆರ್ ಅಡಗುಕೋಣೆಯಿಂದ ಹೊರಗೆ ಬರುತ್ತಾನೆ. ಇದು ಬಿಡುಗಡೆ ಅಂತ ಕೆಲವರು ಓದುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಹೊರಗೆ ಹೋಗಿ ಅವನು ಯಾರ ಹತ್ತಿರ ಮಾತಾಡುತ್ತಾನೆ? ನೀವು ಬಿಡುಗಡೆ ಎಂದೇ ವಾದಿಸುವುದಾದರೆ ಈ ಪ್ರಶ್ನೆಗೆ ಪುಸ್ತಕದಿಂದಲೇ ಉತ್ತರ ಹುಡುಕಿ ಕೊಡಬೇಕಾಗುತ್ತದೆ.