ಕ್ಯಾಲಿಫೋರ್ನಿಯಾದಲ್ಲಿ ಮನೆ ಕಟ್ಟುವ, ಮಾರ್ಪಡಿಸುವ ಮುನ್ನ: ಹೊಸಬರಿಗೆ ಮಾರ್ಗದರ್ಶಿ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿವೇಶನ ಕೊಂಡು ಮನೆ ಕಟ್ಟಿಸಿದವರಿಗೆ ನಕ್ಷೆ ಮಂಜೂರಾತಿ, ಸೆಟ್‌ಬ್ಯಾಕ್ ಎಂಬ ಮಾತುಗಳು ಹೊಸತಲ್ಲ. ಮಂಜೂರಾದ ನಕ್ಷೆಗೂ ಎದ್ದು ನಿಂತ ಮನೆಗೂ ಒಂದಿಷ್ಟು ಅಂತರವಿದ್ದರೆ ಮುಂದೊಂದು ದಿನ ಸಕ್ರಮವಾದೀತು ಎಂಬ ನಂಬಿಕೆಯೂ ಹೊಸತಲ್ಲ. ಆ ನಂಬಿಕೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುವುದು ಒಳಿತು.

ಇಲ್ಲಿ ಕಟ್ಟಡ ಸಂಹಿತೆ ಇಡೀ ರಾಜ್ಯಕ್ಕೆ ಒಂದೇ. ‘ಟೈಟಲ್ 24’ ಎಂದು ಕರೆಯಲಾಗುವ ಇದನ್ನು ರಾಜ್ಯದ ಬಿಲ್ಡಿಂಗ್ ಸ್ಟ್ಯಾಂಡರ್ಡ್ಸ್ ಕಮಿಷನ್ ಮೂರು ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. 2025ರ ಆವೃತ್ತಿ 2026ರ ಜನವರಿ 1ರಂದು ಜಾರಿಗೆ ಬಂದಿದೆ. ಆದರೆ ಅನುಮತಿ ಕೊಡುವುದೂ ತಪಾಸಣೆ ಮಾಡುವುದೂ ಸ್ಥಳೀಯ ಕಚೇರಿ. ನಗರವಾಗಲಿ ಕೌಂಟಿಯಾಗಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ತನ್ನ ಹವಾಮಾನ, ಭೂಗರ್ಭ ಅಥವಾ ಭೂಲಕ್ಷಣದ ಕಾರಣ ತೋರಿಸಿ ನಿಯಮವನ್ನು ಬಿಗಿಗೊಳಿಸಬಹುದೇ ಹೊರತು ಸಡಿಲಿಸುವಂತಿಲ್ಲ. ವಾಸದ ಕಟ್ಟಡಗಳ ಮಟ್ಟಿಗೆ ಆ ಅಧಿಕಾರಕ್ಕೂ 2025ರ ಅಕ್ಟೋಬರ್ 1ರಿಂದ 2031ರ ಜೂನ್ 1ರವರೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಡೆ ಬಿದ್ದಿದೆ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಿಮ್ಮ ಮನೆ ಯಾರ ವ್ಯಾಪ್ತಿಗೆ ಸೇರಿದೆ ಎಂಬುದು. ವಿಳಾಸದಲ್ಲಿ ಸ್ಯಾನ್ ಹೋಸೆ ಎಂದಿದ್ದರೂ ಜಾಗ ನಗರದ ಗಡಿಯೊಳಗಿಲ್ಲದೆ ಸಾಂಟಾ ಕ್ಲಾರಾ ಕೌಂಟಿಯ ಅಧೀನದಲ್ಲಿರಬಹುದು. ನಮ್ಮವರು ಬಹಳಷ್ಟು ಮಂದಿ ನೆಲೆಸಿರುವ ಮೌಂಟನ್ ಹೌಸ್ 2024ರ ಜುಲೈ 1ರವರೆಗೆ ನಗರವೇ ಆಗಿರಲಿಲ್ಲ.

ನಮ್ಮ ಕನ್ನಡಿಗರ ಸಂಘಕ್ಕೆ ಬರುವ ವಿಚಾರಣೆಗಳಲ್ಲಿ ಹೆಚ್ಚಿನವು ಗ್ಯಾರೇಜಿನವು. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ, ಮೆಟ್ಟಿಲು ಹತ್ತಲಾರರು, ಗ್ಯಾರೇಜಿಗೆ ಕಾರ್ಪೆಟ್ ಹಾಸಿ ಮಂಚ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಹಜವೇ. ಸಾಲದು. ಮಲಗುವ ಕೋಣೆ ಎಂದರೆ ಕನಿಷ್ಠ 70 ಚದರಡಿ ನೆಲ, 7 ಅಡಿ ಎತ್ತರದ ಚಾವಣಿ, ಬೆಂಕಿ ಬಿದ್ದಾಗ ಹೊರಗೆ ಜಿಗಿಯಬಲ್ಲ ಕಿಟಕಿ ಇರಲೇಬೇಕು. ಆ ಕಿಟಕಿ ತೆರೆದಾಗ ಸಿಗುವ ಜಾಗ 5.7 ಚದರಡಿಗಿಂತ ಕಡಿಮೆಯಿರಬಾರದು, ನೆಲಮಟ್ಟದ ಅಂತಸ್ತಿನಲ್ಲಾದರೆ 5 ಚದರಡಿ ಸಾಕು. ಅದರ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಗ್ಯಾರೇಜಿನ ಒಂದು ಭಾಗವನ್ನು ಕಾರಿಗೇ ಉಳಿಸಿಕೊಂಡರೆ ಅಲ್ಲಿಂದ ಮಲಗುವ ಕೋಣೆಗೆ ನೇರ ಬಾಗಿಲು ಇಡುವಂತಿಲ್ಲ. ಹೊಗೆ ಸೂಚಕ ಪ್ರತಿ ಮಲಗುವ ಕೋಣೆಯ ಒಳಗೂ ಅದರ ಹೊರಗೂ ಪ್ರತಿ ಅಂತಸ್ತಿನಲ್ಲೂ ಬೇಕು. ಒಗ್ಗರಣೆಯ ಘಾಟಿಗೆ ಅದು ಕೂಗುತ್ತದೆಂದು ಬ್ಯಾಟರಿ ತೆಗೆದಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅದರ ಬದಲು ಹೊಗೆಯನ್ನು ಹೊರಗೆ ಕಳುಹಿಸುವ ಚಿಮಣಿ ಹಾಕಿಸಿರಿ.

ಅದೇ ಗ್ಯಾರೇಜನ್ನು ಅಡುಗೆಮನೆ, ಸ್ನಾನಗೃಹ, ಪ್ರತ್ಯೇಕ ಬಾಗಿಲುಗಳಿರುವ ಸ್ವತಂತ್ರ ಘಟಕವಾಗಿ, ಅಂದರೆ ಎಡಿಯು ಆಗಿ, ಪರಿವರ್ತಿಸುವ ದಾರಿಯೂ ಇದೆ. ಅರ್ಜಿ ಪೂರ್ಣವಾಗಿದ್ದರೆ ಸ್ಥಳೀಯ ಕಚೇರಿ 60 ದಿನಗಳಲ್ಲಿ ತೀರ್ಮಾನ ಹೇಳಬೇಕು, ಹೋದ ಗ್ಯಾರೇಜಿಗೆ ಬದಲಾಗಿ ಪಾರ್ಕಿಂಗ್ ಜಾಗ ಕೇಳುವಂತಿಲ್ಲ. ಬಡಾವಣೆಯಲ್ಲಿ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇದ್ದರೆ ಅದು ಎಡಿಯುವನ್ನು ಸಾರಾಸಗಟಾಗಿ ನಿಷೇಧಿಸಲಾಗದು. ಆದರೂ ಅದರ ಒಪ್ಪಿಗೆ ಬೇರೆ, ನಗರದ ಪರ್ಮಿಟ್ ಬೇರೆ, ಒಂದು ಇನ್ನೊಂದರ ಬದಲಿಯಲ್ಲ.

ಪರ್ಮಿಟ್ ಸಿಕ್ಕಿದ ಮೇಲೆ ಕೆಲಸ ಹಂತ ಹಂತವಾಗಿ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳಬೇಕು: ಅಡಿಪಾಯಕ್ಕೆ ಕಾಂಕ್ರೀಟ್ ಸುರಿಯುವ ಮೊದಲು, ಚೌಕಟ್ಟು, ಕೊಳವೆ, ತಂತಿಗಳನ್ನು ಮುಚ್ಚುವ ಮೊದಲು, ಕೊನೆಗೆ ಎಲ್ಲ ಮುಗಿದ ಮೇಲೆ. ತಪಾಸಣೆಗೆ ಮುಂಚೆ ಡ್ರೈವಾಲ್ (ಗೋಡೆ ಮುಚ್ಚುವ ಜಿಪ್ಸಮ್ ಹಲಗೆ) ಬಡಿದರೆ ಅದನ್ನು ಕಿತ್ತು ತೋರಿಸಿ ಎನ್ನುವ ಅಧಿಕಾರ ಅವರಿಗಿದೆ, ಕೀಳುವ ಖರ್ಚು ನಿಮ್ಮದು. ಬಣ್ಣ, ಟೈಲ್ಸ್, ಕಾರ್ಪೆಟ್, ಅಡುಗೆಮನೆಯ ಕಪಾಟುಗಳಂಥ ಕೆಲಸಕ್ಕೆ ಪರ್ಮಿಟ್ ಬೇಡ. ವಾಟರ್ ಹೀಟರ್ ಬದಲಿಸಲು ಮಾತ್ರ ಬೇಕು, ಹೆಚ್ಚಿನವರು ಮರೆಯುವುದೂ ಇದನ್ನೇ. ಭೂಕಂಪದಲ್ಲಿ ಉರುಳದಂತೆ ಅದರ ಮೇಲಿನ ಮೂರನೆಯ ಒಂದು ಭಾಗದಲ್ಲೂ ಕೆಳಗಿನ ಮೂರನೆಯ ಒಂದು ಭಾಗದಲ್ಲೂ ಪಟ್ಟಿ ಕಟ್ಟಿ ಗೋಡೆಗೆ ಬಿಗಿದಿರಬೇಕು. ಭೂಕಂಪ ತರಬಲ್ಲ ಹೇವರ್ಡ್ ಭೂಬಿರುಕು ಫ್ರೀಮಾಂಟ್ ನಗರದ ನಡುವೆಯೇ ಹಾದುಹೋಗುತ್ತದೆ ಎಂಬುದನ್ನು ನೆನೆದರೆ ಈ ಪಟ್ಟಿಗಳು ಅತಿಯೆನಿಸವು.

ಹೊಸದಾಗಿ ಕಟ್ಟುವ ಒಂಟಿ ಮನೆಗಳಿಗೆ 2011ರಿಂದ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕಡ್ಡಾಯ. 2020ರಿಂದ, ಕೆಲವು ವಿನಾಯಿತಿಗಳೊಂದಿಗೆ, ಸೌರ ವಿದ್ಯುತ್ ಫಲಕಗಳೂ ಕಡ್ಡಾಯ.

ಗುತ್ತಿಗೆದಾರರ ಲೈಸೆನ್ಸ್ ಸಂಖ್ಯೆಯನ್ನು ಲೈಸೆನ್ಸ್ ಕೊಡುವ ರಾಜ್ಯ ಮಂಡಳಿ ಸಿಎಸ್‌ಎಲ್‌ಬಿಯ ತಾಣದಲ್ಲಿ ನೀವೇ ಪರಿಶೀಲಿಸಿರಿ. ಪರ್ಮಿಟ್ ಬೇಕಾಗುವ ಅಥವಾ ಆಳು ಇಟ್ಟು ಮಾಡಿಸುವ ಕೆಲಸಕ್ಕೆ ಮೊತ್ತ ಎಷ್ಟೇ ಇದ್ದರೂ ಲೈಸೆನ್ಸ್ ಬೇಕು. ಉಳಿದ ಸಣ್ಣ ಕೆಲಸಗಳನ್ನು, ಒಟ್ಟು ಮೊತ್ತ 1,000 ಡಾಲರ್‌ಗಿಂತ ಕಡಿಮೆಯಿದ್ದರೆ, 2025ರಿಂದ ಲೈಸೆನ್ಸ್ ಇಲ್ಲದವರೂ ಮಾಡಬಹುದು. ಮನೆ ದುರಸ್ತಿಯ ಮುಂಗಡ ಸಾಮಾನ್ಯವಾಗಿ ಒಪ್ಪಂದದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೀರಬಾರದು. ಊರಿನವರೇ ಎಂಬ ಸಲುಗೆಯಿಂದ ಅರ್ಧ ಹಣವನ್ನು ಮೊದಲೇ ಕೊಡಬೇಡಿರಿ.

ಹಳೆಯ ಮನೆ ಕೊಳ್ಳುವವರು ಆಫರ್ ಹಾಕುವ ಮೊದಲೇ ಸ್ಥಳೀಯ ಕಚೇರಿಯಲ್ಲಿ ಆ ಮನೆಯ ಪರ್ಮಿಟ್ ಇತಿಹಾಸ ಕೇಳಿ ಪಡೆಯಿರಿ. ಮಾರುವವರು ತಮಗೆ ತಿಳಿದಿರುವ ಪರ್ಮಿಟ್‌ರಹಿತ ಕಾಮಗಾರಿಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಕಾನೂನು ಹೇಳುತ್ತದಾದರೂ, ಅವರಿಗಿಂತ ಹಿಂದಿನ ಮಾಲೀಕರು ಕಟ್ಟಿಸಿದ ಕೋಣೆಯ ವಿಷಯ ಅವರಿಗೇ ತಿಳಿದಿರಲಿಕ್ಕಿಲ್ಲ. ಕೊಂಡ ಮೇಲೆ ಅದನ್ನು ಸಂಹಿತೆಗೆ ಹೊಂದಿಸುವ ಹೊಣೆ ಹೊಸ ಮಾಲೀಕರ ಮೇಲೆ ಬೀಳುತ್ತದೆ.