ಪಕ್ಕದ ಕಟ್ಟಡ ಕೆಡವುತ್ತಾರಂತೆ: ಇಂಗ್ಲೆಂಡಿನಲ್ಲಿ ಷರತ್ತು ಬರೆಸಿಕೊಳ್ಳುವ ದಾರಿ

ಬೀದಿ ದೀಪದ ಕಂಬಕ್ಕೆ ಒಂದು ಹಾಳೆ ಕಟ್ಟಿರುತ್ತದೆ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಕೆ, ಮೇಲೆ ಕೌನ್ಸಿಲಿನ (ಅಲ್ಲಿನ ಸ್ಥಳೀಯ ಆಡಳಿತದ) ಹೆಸರು, ಒಂದು ಅರ್ಜಿ ಸಂಖ್ಯೆ, ಒಂದು ಕೊನೆಯ ದಿನಾಂಕ. ಎದುರಿನ ಹಳೇ ಕಾರ್ ಪಾರ್ಕ್ ಕೆಡವಿ ಮುನ್ನೂರು ಫ್ಲ್ಯಾಟ್ ಕಟ್ಟುತ್ತಾರೆ ಎಂಬ ಸುದ್ದಿ ಬಹಳ ಜನಕ್ಕೆ ಮೊದಲು ತಿಳಿಯುವುದು ಆ ಹಾಳೆಯಿಂದಲೇ. ಅಭಿಪ್ರಾಯ ಬರೆಯಲು ಸಿಗುವುದು 21 ದಿನ. ಅರ್ಜಿಯ ಜೊತೆ ಪರಿಸರ ಪರಿಣಾಮ ವರದಿ ಇದ್ದರೆ 30 ದಿನ.

ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿ ಕಡೆಯಿಂದ ಇಂಗ್ಲೆಂಡಿಗೆ ಹೋದವರಿಗೆ ಯೋಜನೆ ವಿರೋಧಿಸುವುದೇನೂ ಹೊಸದಲ್ಲ. 1983ರಲ್ಲಿ ಸಾಲ್ಕಣಿಯ ಜನ ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡ ಉತ್ತರ ಕನ್ನಡ ಜಿಲ್ಲೆ ಇದು. 2020ರ ಆರಂಭದಲ್ಲಿ ಬಂದರು ವಿಸ್ತರಣೆ ಬೇಡವೆಂದು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಮೀನುಗಾರರು ಇಳಿದದ್ದೂ ನೆನಪಿರಬಹುದು. ನಮಗೆ ಗೊತ್ತಿರುವ ಕ್ರಮವೆಂದರೆ ಸಾರ್ವಜನಿಕ ಅಹವಾಲು ಸಭೆ. ವೇದಿಕೆಯ ಮೇಲೆ ಜಿಲ್ಲಾಧಿಕಾರಿ, ಕೆಳಗೆ ಊರವರು, ಕೈಗೆ ಮೈಕು ಬಂದಾಗ ಎದ್ದು ನಿಂತು "ಬೇಡ" ಎನ್ನುವುದು. ಇಂಗ್ಲೆಂಡಿನಲ್ಲಿ ಅಂಥ ಸಭೆ ಇಲ್ಲ, ಎಲ್ಲವೂ ಬರಹದಲ್ಲಿ. ಕೊನೆಗೆ ಕೌನ್ಸಿಲಿನ ಸಮಿತಿ ಕೂತಾಗ ಮಾತಾಡಲು ಕೊಟ್ಟರೂ ಸಾಮಾನ್ಯವಾಗಿ ಮೂರು ನಿಮಿಷ. ಅರ್ಜಿಗಳಲ್ಲಿ ಹೆಚ್ಚಿನವು ಮಂಜೂರಾಗುತ್ತವೆ. ಆದ್ದರಿಂದ ಬರೀ "ಬೇಡ" ಎಂದು ಬರೆದು ಸುಮ್ಮನಾದರೆ, ಮಂಜೂರಾದ ದಿನ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬೇಡ ಎನ್ನಲು ಕಾರಣ ಇದ್ದರೆ ಬರೆಯಿರಿ. ಅದರ ಕೆಳಗೇ, "ಕೊಡುವುದಾದರೆ ಈ ಷರತ್ತು ಹಾಕಿ" ಎಂದೂ ಬರೆಯಿರಿ. ಧೂಳು, ಸದ್ದು, ಕೆಸರು ಹತೋಟಿಗೆ ಬರುವುದೋ ಇಲ್ಲವೋ, ಮರ ಉಳಿಯುವುದೋ ಕೆಡುವುದೋ ಬಹುಪಾಲು ಆ ಷರತ್ತುಗಳ ಮೇಲೆ ನಿಂತಿದೆ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಕಾನೂನು ಬೇರೆ.

ಯಾರು ಬರೆಯಬಹುದು

ಯಾರು ಬೇಕಾದರೂ. ಬಾಡಿಗೆ ಮನೆಯಲ್ಲಿರುವವರು, ವರ್ಕ್ ವೀಸಾದವರು, ವಿದ್ಯಾರ್ಥಿಗಳು ಎಲ್ಲರೂ. ಇದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಹೆಸರು, ವಿಳಾಸ ಕೌನ್ಸಿಲಿನ ಜಾಲತಾಣದಲ್ಲಿ ಕಾಣಿಸಬಹುದು, ಅಷ್ಟು ತಿಳಿದಿರಲಿ. ನಮ್ಮವರು ಮರೆಯುವ ಇನ್ನೊಂದು ಸಂಗತಿ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರಿಗೆ, ಕಾಮನ್‌ವೆಲ್ತ್ ಪ್ರಜೆ ಎಂಬ ಕಾರಣಕ್ಕೆ, ಕೌನ್ಸಿಲ್ ಚುನಾವಣೆಯಲ್ಲಿ ಮತವಿದೆ. ವಾರ್ಡಿನ ಕೌನ್ಸಿಲರ್‌ಗೆ ಇಮೇಲ್ ಬರೆಯುವಾಗ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದರ ತೂಕವೇ ಬೇರೆ.

ಮನೆ ಬೆಲೆ ಇಳಿಯುತ್ತದೆ, ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ, ಅಂಗಡಿಗೆ ಪೈಪೋಟಿ ಬರುತ್ತದೆ ಎಂಬ ಮಾತುಗಳನ್ನು ಅಧಿಕಾರಿ ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಬೆಳಕು, ಸದ್ದು, ಗಾಳಿ, ವಾಹನ ಸಂಚಾರ, ಮರ, ಪ್ರಾಣಿ ಪಕ್ಷಿ, ನೆರೆ ನೀರು ಲೆಕ್ಕಕ್ಕೆ ಬರುತ್ತವೆ. ಒಂದೇ ಪತ್ರಕ್ಕೆ ಇನ್ನೂರು ಸಹಿ ಹಾಕಿಸುವ ಬದಲು ಹತ್ತು ಮನೆಯವರು ಹತ್ತು ಬೇರೆ ವಿಷಯ ಹಿಡಿದು ಬರೆಯುವುದು ಮೇಲು.

ಯಾವ ಕಾಗದ ತೆಗೆಯಬೇಕು

ಅರ್ಜಿ ಸಂಖ್ಯೆ ಹಾಕಿದರೆ ಕೌನ್ಸಿಲ್ ತಾಣದಲ್ಲಿ ಎಂಬತ್ತು, ನೂರು ಕಡತ ತೆರೆದುಕೊಳ್ಳುತ್ತವೆ. ಬಣ್ಣದ ಚಿತ್ರಗಳಿರುವ ವಿನ್ಯಾಸ ವಿವರಣೆಯಲ್ಲಿ ಹೊತ್ತು ಕಳೆಯಬೇಡಿ. ಅದರಲ್ಲಿ ಎಲ್ಲ ಮರವೂ ಮೂವತ್ತು ವರ್ಷದ್ದು, ಎಲ್ಲ ದಿನವೂ ಬಿಸಿಲು. ಐದು ಕಡತ ಸಾಕು: ನಿರ್ಮಾಣ ಕಾಲದ ಪರಿಸರ ನಿರ್ವಹಣಾ ಯೋಜನೆ, ಗಾಳಿ ಗುಣಮಟ್ಟದ ವರದಿ, ಮರಗಳ ವರದಿ, ಜೀವಿ ಪರಿಸರ ವರದಿ, ಚರಂಡಿ ಮತ್ತು ನೆರೆ ವರದಿ. ಮೊದಲನೆಯದು ಇಲ್ಲವೇ ಇಲ್ಲ ಅಥವಾ "ಕರಡು" ಎಂದಿದೆ ಎಂದರೆ ನಿಮ್ಮ ಪತ್ರದ ಮೊದಲ ಅಂಶ ಸಿಕ್ಕಿತು.

ಪೂರ್ಣ ಪರಿಸರ ಪರಿಣಾಮ ವರದಿ ಎಲ್ಲಕ್ಕೂ ಬೇಕಿಲ್ಲ. ನಗರಾಭಿವೃದ್ಧಿ ಯೋಜನೆಯಲ್ಲಿ 150ಕ್ಕಿಂತ ಹೆಚ್ಚು ಮನೆ, ಅಥವಾ ವಸತಿಯೇತರ ಅಭಿವೃದ್ಧಿ 1 ಹೆಕ್ಟೇರಿಗಿಂತ ಹೆಚ್ಚು, ಅಥವಾ ಒಟ್ಟು ಜಾಗ 5 ಹೆಕ್ಟೇರಿಗಿಂತ ಹೆಚ್ಚು ಇದ್ದರೆ, ವರದಿ ಬೇಕೇ ಬೇಡವೇ ಎಂದು ಕೌನ್ಸಿಲ್ ಪರಿಶೀಲಿಸಬೇಕು. ಮಿತಿ ದಾಟಿದ ಕೂಡಲೇ ವರದಿ ಕಡ್ಡಾಯವಾಗುವುದಿಲ್ಲ, ಪರಿಶೀಲನೆ ಕಡ್ಡಾಯವಾಗುತ್ತದೆ. ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡಕ್ಕೆ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇಕೇ ಬೇಕು. ಅದೇ ಲೆಕ್ಕ ಇಂಗ್ಲೆಂಡಿನಲ್ಲೂ ಇದೆ ಎಂದುಕೊಂಡು ಹಲವರು ಎಡವುತ್ತಾರೆ.

ಮೊದಲ ಬಲೆ ಕೆಡವುವ ಹಂತದಲ್ಲೇ ಇದೆ. ಹೊಸ ಕಟ್ಟಡದ ಅರ್ಜಿ ಹಾಕುವ ಮೊದಲೇ ಹಳೆಯದನ್ನು ಪ್ರತ್ಯೇಕವಾಗಿ ಕೆಡವಲು ಅವಕಾಶವಿದೆ. ಆಗ ಕೌನ್ಸಿಲ್ ನೋಡುವುದು ಕೆಡವುವ ವಿಧಾನ ಮತ್ತು ಆಮೇಲೆ ಜಾಗವನ್ನು ಹೇಗೆ ಬಿಡುತ್ತಾರೆ ಎಂಬುದನ್ನು ಮಾತ್ರ. ಅವಧಿ 28 ದಿನ. "ಈ ಕಟ್ಟಡ ಉಳಿಸಿ ದುರಸ್ತಿ ಮಾಡಬಹುದಿತ್ತು" ಎಂಬ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಕೆಡವುವ ಸೂಚನೆ ಕಂಡರೆ ದೊಡ್ಡ ಅರ್ಜಿ ಬರಲಿ ಎಂದು ಕಾಯಬೇಡಿ.

ಶಿರಸಿ ಸೀಮೆಯಲ್ಲಿ ಹಳೇ ಮನೆಯನ್ನು ಯಾರೂ ಒಮ್ಮೆಲೇ ಕೆಡವುವುದಿಲ್ಲ. ಹಂಚು ಇಳಿಸಿ ಅಟ್ಟಿ ಇಡುತ್ತಾರೆ, ರೀಪು ಪಕಾಸಿ ಬೇರೆ ಮಾಡುತ್ತಾರೆ, ಕಂಬಕ್ಕೆ, ಬಾಗಿಲವಾಡಕ್ಕೆ ಗಿರಾಕಿ ಮೊದಲೇ ಬಂದಿರುತ್ತಾನೆ. ಲಂಡನ್ನಿನ 2021ರ ಯೋಜನಾ ನೀತಿ ದೊಡ್ಡ ಯೋಜನೆಗಳಿಂದ ಕೇಳುವ "ಚಕ್ರೀಯ ಆರ್ಥಿಕತೆ ಹೇಳಿಕೆ" ಹೆಚ್ಚುಕಡಿಮೆ ಇದೇ. ಕಟ್ಟಡದ ಅವಶೇಷದಲ್ಲಿ ಶೇ 95 ಮರುಬಳಕೆ ಆಗಬೇಕು ಎನ್ನುತ್ತದೆ. ಆದರೆ ಕಾಂಕ್ರೀಟನ್ನು ಪುಡಿಮಾಡಿ ರಸ್ತೆಯಡಿ ತುಂಬಿದರೂ ಆ 95ರೊಳಗೇ ಸೇರುತ್ತದೆ. ಇಟ್ಟಿಗೆ ಇಟ್ಟಿಗೆಯಾಗಿ, ಉಕ್ಕಿನ ತೊಲೆ ತೊಲೆಯಾಗಿ ಎಷ್ಟು ಉಳಿಯುತ್ತದೆ ಎಂದು ಕೇಳಬೇಕಾದರೆ "ಕೆಡವುವ ಮುಂಚಿನ ಸಾಮಗ್ರಿ ಲೆಕ್ಕ ಎಲ್ಲಿ?" ಎಂದು ಬರೆಯಿರಿ.

2000ಕ್ಕೆ ಮುಂಚಿನ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಂತದ್ದು 1999ರಲ್ಲಿ. ಊರಲ್ಲಿ ಕೊಟ್ಟಿಗೆಯ ಹಳೇ ಸಿಮೆಂಟ್ ಶೀಟನ್ನು ಸುತ್ತಿಗೆಯಿಂದ ಕುಟ್ಟಿ ಇಳಿಸಿ ಅಭ್ಯಾಸವಾದವರಿಗೆ ಇದು ಅತಿಯೆನಿಸಬಹುದು, ಆದರೆ ಆ ಎಳೆ ಶ್ವಾಸಕೋಶದಲ್ಲಿ ದಶಕಗಟ್ಟಲೆ ಕೂರುತ್ತದೆ. ಕೆಡವುವ ಮೊದಲು ಗೋಡೆ, ಛಾವಣಿ ಬಿಚ್ಚಿ ನೋಡುವ ಪೂರ್ಣ ಸಮೀಕ್ಷೆ ಕಡ್ಡಾಯ. ಅನುಮಾನ ಬಂದರೆ ದೂರು ಯೋಜನಾ ವಿಭಾಗಕ್ಕಲ್ಲ, ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರಕ್ಕೆ.

ಧೂಳು

ಕೆಡವುವ ಯಂತ್ರದ ಉದ್ದ ತೋಳಿನ ತುದಿಯಲ್ಲಿ ಏಡಿಯ ಕೊಂಬಿನಂಥ ದವಡೆ ಇರುತ್ತದೆ. ಅದು ಕಾಂಕ್ರೀಟ್ ಕಚ್ಚಿ ಪುಡಿ ಮಾಡುವ ಬಿಂದುವಿನಲ್ಲೇ ಧೂಳು ಹುಟ್ಟುವುದು. ನೀರು ಅಲ್ಲಿಗೇ ಬೀಳಬೇಕು. ಒಬ್ಬ ಕೆಲಸಗಾರ ಕೆಳಗೆ ನಿಂತು ಪೈಪು ಹಿಡಿದು ನೆಲ ನೆನೆಸುತ್ತಿದ್ದರೆ ಅದು ನೋಡುವವರ ಸಮಾಧಾನಕ್ಕೆ ಅಷ್ಟೇ. ಮೇಲೆ ಹುಟ್ಟಿದ ಧೂಳು ಗಾಳಿ ಹಿಡಿದು ಹೋಗಿಯಾಗಿರುತ್ತದೆ. ಎರಡನೆಯ ಮೂಲ ಎತ್ತರದಿಂದ ಸುರಿಯುವುದು. ಲಾರಿಯ ತೊಟ್ಟಿಗೆ ಅವಶೇಷ ಹಾಕುವಾಗ ಬಕೆಟ್ ಎಷ್ಟು ಕೆಳಗೆ ಇಳಿದರೆ ಅಷ್ಟು ಧೂಳು ಕಡಿಮೆ. ಮೂರನೆಯದನ್ನು ಯಾರೂ ಎಣಿಸುವುದಿಲ್ಲ: ಟೈರು. ಹೆದ್ದಾರಿ ಅಗಲೀಕರಣದ ವರ್ಷಗಳಲ್ಲಿ ಕೆಂಪು ಮಣ್ಣಿನ ಟಿಪ್ಪರ್ ಓಡಾಡಿದ ದಾರಿಯ ಮನೆಗಳ ಜಗಲಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೇಟಿನಿಂದ ಕೆಸರು ಹೊತ್ತು ಬಂದ ಚಕ್ರ ರಸ್ತೆಯಲ್ಲಿ ಅದನ್ನು ಹರಡುತ್ತದೆ, ಒಣಗಿದ ಮೇಲೆ ಪ್ರತಿ ಕಾರೂ ಅದನ್ನು ಮತ್ತೆ ಎಬ್ಬಿಸುತ್ತದೆ. ಚಕ್ರ ತೊಳೆಯುವ ವ್ಯವಸ್ಥೆ ಬೇಕು, ತೊಳೆದ ಮೇಲೆ ಗೇಟಿನವರೆಗೆ ಗಟ್ಟಿ ನೆಲವೂ ಬೇಕು. ಇಲ್ಲದಿದ್ದರೆ ಒದ್ದೆ ಚಕ್ರ ಮತ್ತೆ ಮಣ್ಣಲ್ಲೇ ಉರುಳುತ್ತದೆ.

"ಧೂಳು ತುಂಬಾ ಆಗುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ" ಎಂದು ಬರೆದರೆ ಅಧಿಕಾರಿ "ಗಮನಿಸಲಾಗಿದೆ" ಎಂದು ಮುಗಿಸುತ್ತಾರೆ. ಬದಲಿಗೆ ಹೀಗೆ ಬರೆಯಿರಿ: "ಧೂಳು ನಿಯಂತ್ರಣ ಯೋಜನೆಗೆ ಕೆಡವುವ ಮೊದಲೇ ಕೌನ್ಸಿಲ್ ಒಪ್ಪಿಗೆ ಕೊಟ್ಟಿರಬೇಕು. ಶಾಲೆಯ ಕಡೆಯ ಗಡಿಯಲ್ಲಿ ಪಿಎಂ10 ಮಾಪಕ ನಿರಂತರ ಓಡಬೇಕು. ಒಂದು ಗಂಟೆಯ ಸರಾಸರಿ ಘನಮೀಟರಿಗೆ 190 ಮೈಕ್ರೋಗ್ರಾಂ ದಾಟಿದರೆ ಆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಕೆಲಸ ಶುರುವಾಗುವ ಮುಂಚಿನ ಮಾಪನವೂ ಇರಬೇಕು." ಪಿಎಂ10 ಎಂದರೆ ಉಸಿರಿನೊಳಗೆ ಹೋಗುವಷ್ಟು ಸಣ್ಣ ಧೂಳು. 190 ಎಂಬುದು ಅಲ್ಲಿನ ಗಾಳಿ ಗುಣಮಟ್ಟ ತಜ್ಞರ ಸಂಸ್ಥೆಯ ಮಾರ್ಗದರ್ಶಿಯ ಅಂಕಿ, ಅದನ್ನು ಹಿಡಿದರೆ ವಾದ ನಿಮ್ಮದಲ್ಲ, ಅವರದೇ ಆಗುತ್ತದೆ. ಷರತ್ತು ಅಗತ್ಯವಾಗಿರಬೇಕು, ಯೋಜನೆಗೆ ಸಂಬಂಧಪಟ್ಟಿರಬೇಕು, ನಿಖರವಾಗಿರಬೇಕು, ಜಾರಿ ಮಾಡುವಂತಿರಬೇಕು, ನ್ಯಾಯವಾಗಿರಬೇಕು ಎಂಬುದು ಇಂಗ್ಲೆಂಡಿನ ಯೋಜನಾ ನಿಯಮ. "ಸಾಧ್ಯವಾದಷ್ಟು" ಎಂಬ ಪದ ಕಂಡಲ್ಲೆಲ್ಲ ಅಂಕಿ ಕೇಳಿ.

ನೀರು, ಮರ, ಹಸಿರು

ಪಾಯ ತೋಡಿದ ಗುಂಡಿಯಲ್ಲಿ ನಿಂತ ನೀರು ಕೆಸರಾಗಿರುತ್ತದೆ. ಅದನ್ನು ಪಂಪಿನಿಂದ ಎತ್ತಿ ರಸ್ತೆ ಪಕ್ಕದ ಜಾಲರಿಗೆ ಬಿಡುವುದು ಅತಿ ಸಾಮಾನ್ಯ ತಪ್ಪು. ಮಳೆನೀರಿನ ಕೊಳವೆ ಪ್ರತ್ಯೇಕವಾಗಿರುವ ಊರುಗಳಲ್ಲಿ ಅದು ನೇರ ಹೊಳೆಗೆ ಹೋಗುತ್ತದೆ. ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರಿನ ಗದ್ದೆ), ಕಾಂಡ್ಲಾ (ಮ್ಯಾಂಗ್ರೋವ್) ಬಲ್ಲವರಿಗೆ ಹೂಳು ಬಂದರೆ ಚಿಪ್ಪಿಕಲ್ಲಿನ ಗತಿ ಏನು ಎಂದು ಗೊತ್ತು. ಕಾಂಕ್ರೀಟ್ ಲಾರಿ ತೊಳೆದ ನೀರಂತೂ ಇನ್ನೂ ಕೆಟ್ಟದ್ದು, ಅದರ ಪಿಎಚ್ 12ರ ಸುತ್ತಮುತ್ತ, ಅಂದರೆ ತೀವ್ರ ಕ್ಷಾರ. ಹೂಳು ತಂಗುವ ತೊಟ್ಟಿ ಎಲ್ಲಿ, ಕಾಂಕ್ರೀಟ್ ತೊಳೆಯುವ ಜಾಗ ಎಲ್ಲಿ ಎಂದು ನಕ್ಷೆಯಲ್ಲಿ ಗುರುತಿಸಲು ಕೇಳಿ. ಮಣ್ಣು ಅಗೆದ ಮೇಲೆ ನೀರಿಗೆ ದಾರಿ ಮಾಡಲು ಹೋಗುವುದಲ್ಲ, ಅಗೆಯುವ ಮೊದಲೇ ದಾರಿ ಇರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳುವುದು ಬೇಡ.

ಮರದ ವಿಷಯದಲ್ಲಿ ಒಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆದು 12ರಿಂದ ಗುಣಿಸಿದರೆ ಬೇರಿನ ರಕ್ಷಣಾ ವಲಯದ ತ್ರಿಜ್ಯ. ಕಾಂಡ 50 ಸೆಂಟಿಮೀಟರ್ ಇದ್ದರೆ ಬೇಲಿ ಮರದಿಂದ 6 ಮೀಟರ್ ದೂರ ನಿಲ್ಲಬೇಕು. ಅಳತೆಪಟ್ಟಿ ಹಿಡಿದು ನೀವೇ ನೋಡಬಹುದು. ಕೆಡುವುದು ಹೇಗೆಂದರೆ, ಕೊಡಲಿ ಯಾರೂ ಹಾಕುವುದಿಲ್ಲ. ಜಾಗ ಸಾಲದೆ ಬೇಲಿಯನ್ನು ಎರಡು ಮೀಟರ್ ಒಳಗೆ ಸರಿಸಿ ಅಲ್ಲಿ ಇಟ್ಟಿಗೆ ಅಟ್ಟುತ್ತಾರೆ, ಲಾರಿ ಹತ್ತಿಸುತ್ತಾರೆ. ಮಣ್ಣು ಅದುಮಿ ಬೇರಿಗೆ ಗಾಳಿ ಸಿಗದೆ ಮರ ಕೆಲವು ವರ್ಷ ಸೊರಗಿ ಸಾಯುತ್ತದೆ. ಸತ್ತ ಗಿಡದ ಬದಲು ಹೊಸದು ನೆಡಬೇಕೆಂಬ ಷರತ್ತು ಸಾಮಾನ್ಯವಾಗಿ 5 ವರ್ಷದ್ದು, ಅಷ್ಟರಲ್ಲಿ ಅದೂ ಮುಗಿದಿರುತ್ತದೆ. ಹಾಗಾಗಿ ಬೇಲಿ ಹಾಕಿದ ದಿನ ಫೋಟೋ ತೆಗೆದಿಡಿ.

2024ರ ಫೆಬ್ರುವರಿ 12ರಿಂದ ದೊಡ್ಡ ಯೋಜನೆಗಳು ಜೀವವೈವಿಧ್ಯವನ್ನು ಮೊದಲಿದ್ದಕ್ಕಿಂತ ಕನಿಷ್ಠ ಶೇ 10 ಹೆಚ್ಚಿಸಬೇಕು, ಅದನ್ನು 30 ವರ್ಷ ಕಾಪಾಡಬೇಕು. ಕೇಳಲು ಚಂದ. ಆದರೆ ನಗರದ ಜಾಗ ಪೂರ್ತಿ ಡಾಂಬರಾಗಿದ್ದರೆ ಮೊದಲಿನ ಅಂಕವೇ ಸೊನ್ನೆ, ಸೊನ್ನೆಯ ಶೇ 10 ಸೊನ್ನೆಯೇ. ಅಂಥಲ್ಲಿ ಈ ಕಾನೂನನ್ನು ನೆಚ್ಚದೆ ಹಸಿರು ಛಾವಣಿ, ನೀರು ಇಂಗುವ ತೋಟ, ಪಕ್ಷಿಗಳಿಗೆ ಗೂಡಿನ ಇಟ್ಟಿಗೆ ಎಂದು ನೇರವಾಗಿ ಕೇಳಿ. ಪೊದೆ, ಹುಲ್ಲು ಇದ್ದ ಜಾಗವನ್ನು ಅರ್ಜಿಗೆ ಮೊದಲೇ ಬೋಳಿಸಿದ್ದರೆ ಮಾತ್ರ ಕಾನೂನು ನಿಮ್ಮ ಕಡೆಗಿದೆ: 2020ರ ಜನವರಿ 30ರಿಂದ ಈಚೆಗೆ ಅನುಮತಿಯಿಲ್ಲದೆ ಕೆಡಿಸಿದ್ದರೆ, ಕೆಡಿಸುವ ಮುಂಚಿನ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಉಪಗ್ರಹ ಚಿತ್ರ ಇಲ್ಲಿ ಸಾಕ್ಷಿಯಾಗುತ್ತದೆ.

ಸದ್ದು, ನಡುಕ

ಕೆಲಸದ ಹೊತ್ತು ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ 8ರಿಂದ 6, ಶನಿವಾರ 8ರಿಂದ 1, ಭಾನುವಾರ ಮತ್ತು ರಜಾದಿನ ಇಲ್ಲ. ಷರತ್ತಿನಲ್ಲಿ "ಲಾರಿ ಬರುವುದೂ ಸೇರಿ" ಎಂದಿರಲಿ, ಇಲ್ಲದಿದ್ದರೆ ಆರೂವರೆಗೇ ಇಂಜಿನ್ ಉರಿಸಿಕೊಂಡು ಸಾಲು ನಿಲ್ಲುತ್ತವೆ. ಪಾಯದ ಕಂಬವನ್ನು ಬಡಿದು ಇಳಿಸುವ ಬದಲು ಕೊರೆದು ಕಾಂಕ್ರೀಟ್ ತುಂಬುವ ವಿಧಾನ ಕೇಳಿ. ಸದ್ದೂ ನಡುಕವೂ ಬಹಳ ಕಡಿಮೆ. ನೆಲದ ಕಂಪನ ಸೆಕೆಂಡಿಗೆ 0.3 ಮಿಲಿಮೀಟರ್ ಇದ್ದರೇ ಮನೆಯೊಳಗೆ ಗೊತ್ತಾಗುತ್ತದೆ, 1 ಮಿಲಿಮೀಟರಿಗೆ ದೂರು ಶುರು. ಗಾರೆಯಲ್ಲಿ ಕೂದಲೆಳೆಯ ಬಿರುಕು ಬೀಳಲು ಇದಕ್ಕಿಂತ ಎಷ್ಟೋ ಹೆಚ್ಚು ಬೇಕು. ಆದ್ದರಿಂದ ನಡುಗಿತು ಎಂಬುದಕ್ಕೇ ಬಿರುಕಿನ ಪರಿಹಾರ ಸಿಗುವುದಿಲ್ಲ, ಮೊದಲು ಬಿರುಕು ಇರಲಿಲ್ಲ ಎಂಬ ಪುರಾವೆ ಬೇಕು. ಕೆಲಸ ಶುರುವಾಗುವ ಮೊದಲೇ ಪ್ರತಿ ಗೋಡೆಯ ಫೋಟೋ ದಿನಾಂಕದ ಸಮೇತ ಇರಲಿ. ಸ್ವಂತ ಮನೆಯವರಾದರೆ, ನಿಮ್ಮ ಗೋಡೆಯಿಂದ 3 ಮೀಟರಿನೊಳಗೆ ನಿಮ್ಮ ಪಾಯಕ್ಕಿಂತ ಆಳ ಅಗೆಯುವವರು 1996ರ ಪಾರ್ಟಿ ವಾಲ್ ಕಾಯ್ದೆಯಡಿ (ನೆರೆಮನೆಗಳ ನಡುವಿನ ಗೋಡೆ, ಪಾಯಕ್ಕೆ ಸಂಬಂಧಿಸಿದ್ದು) ಒಂದು ತಿಂಗಳ ಮೊದಲು ನೋಟಿಸ್ ಕೊಡಬೇಕು.

ಮಂಜೂರಾದ ಮೇಲೆ

ಇಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಮಂಜೂರಾತಿ ಪತ್ರದಲ್ಲಿ "ವಿವರ ಸಲ್ಲಿಸಿ ಒಪ್ಪಿಗೆ ಪಡೆಯುವವರೆಗೆ ಕೆಲಸ ಆರಂಭಿಸುವಂತಿಲ್ಲ" ಎಂಬ ಷರತ್ತುಗಳು ಸಾಲಾಗಿ ಇರುತ್ತವೆ. ಆ ವಿವರಗಳು ಬರುವುದು ತಿಂಗಳುಗಳ ಮೇಲೆ, ಬೇರೆ ಅರ್ಜಿಯಾಗಿ. ಅದಕ್ಕೆ ಕಂಬದ ಮೇಲೆ ಹಾಳೆ ಇಲ್ಲ, ಮನೆಗೆ ಪತ್ರ ಬರುವುದಿಲ್ಲ. ಮೂಲ ಅರ್ಜಿ ಸಂಖ್ಯೆಗೆ ತಾಣದಲ್ಲಿ ಎಚ್ಚರಿಕೆ ಇಮೇಲ್ ಹಾಕಿಕೊಳ್ಳಿ, ಇಲ್ಲವೇ ವಾರಕ್ಕೊಮ್ಮೆ "ಸಂಬಂಧಿತ ಪ್ರಕರಣ" ಪುಟ ನೋಡಿ. ಷರತ್ತು ಸಡಿಲಿಸುವ ಅರ್ಜಿಯೂ ಆಮೇಲೆ ಬರಬಹುದು. ಮಂಜೂರಾತಿಯ ವಿರುದ್ಧ ಮೇಲ್ಮನವಿ ಹೋಗುವ ಹಕ್ಕು ನೆರೆಯವರಿಗಿಲ್ಲ. ಇರುವುದು ನ್ಯಾಯಾಂಗ ಪರಿಶೀಲನೆ (ನಿರ್ಧಾರ ಕಾನೂನುಬದ್ಧವೇ ಎಂದು ಕೋರ್ಟು ನೋಡುವುದು), ಅದೂ 6 ವಾರದೊಳಗೆ, ಖರ್ಚಿನ ದಾರಿ.

ಕೆಲಸ ನಡೆಯುವಾಗ ಬರೀ ಫೋನ್ ಮಾಡಿದರೆ ದಾಖಲೆ ಉಳಿಯುವುದಿಲ್ಲ. ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಯಾವ ಯಂತ್ರ, ಯಾವ ಷರತ್ತಿನ ಸಂಖ್ಯೆ ಎಂದು ಬರೆದು, ವಿಡಿಯೋ ಸೇರಿಸಿ ಕೌನ್ಸಿಲಿನ ಜಾರಿ ವಿಭಾಗಕ್ಕೆ ಕಳಿಸಿ. ಸದ್ದು, ಧೂಳು ಪರಿಸರ ಆರೋಗ್ಯ ವಿಭಾಗಕ್ಕೂ ಹೋಗಲಿ. 1974ರ ಮಾಲಿನ್ಯ ನಿಯಂತ್ರಣ ಕಾಯ್ದೆಯ ಸೆಕ್ಷನ್ 60ರಡಿ ಕೆಲಸದ ಹೊತ್ತು, ಯಂತ್ರ, ಸದ್ದಿನ ಮಿತಿ ನಿಗದಿ ಮಾಡುವ ನೋಟಿಸ್ ಕೊಡುವ ಅಧಿಕಾರ ಅವರಿಗಿದೆ. ಷರತ್ತು ಉಲ್ಲಂಘನೆಯ ನೋಟಿಸ್ ಕೊಟ್ಟರೆ ಬಿಲ್ಡರಿಗೆ ಅದರ ವಿರುದ್ಧ ಮೇಲ್ಮನವಿ ಇಲ್ಲ. ಧೂಳು ಮಾಪಕದ ಅಂಕಿ ಕೌನ್ಸಿಲಿನ ಕೈಯಲ್ಲಿದ್ದು ತೋರಿಸದಿದ್ದರೆ 2004ರ ಪರಿಸರ ಮಾಹಿತಿ ನಿಯಮಗಳ ಹೆಸರೆತ್ತಿ ಇಮೇಲ್ ಮಾಡಿ. ನಮ್ಮ ಮಾಹಿತಿ ಹಕ್ಕಿನಂತೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಬೇಕಿಲ್ಲ, ಉತ್ತರಕ್ಕೆ 20 ಕೆಲಸದ ದಿನ.