ಬೇಸ್‌ಬಾಲ್ ಟ್ರೇಡ್‌ನ ಲೆಕ್ಕ ನೋಡುವುದು ಹೇಗೆ?

ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಅಮೆರಿಕದ ಕ್ರೀಡಾಪುಟಗಳಲ್ಲಿ ಪಂದ್ಯಗಳ ವರದಿ ಹಿಂದೆ ಸರಿದು, ಯಾವ ತಂಡ ಯಾರನ್ನು ಕೊಟ್ಟು ಯಾರನ್ನು ತಂದಿತು ಎಂಬ ಸುದ್ದಿಯೇ ಮುಂದಾಗುತ್ತದೆ. ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರರ ವಿನಿಮಯಕ್ಕೆ, ಅಂದರೆ ಟ್ರೇಡ್‌ಗೆ, ಆ ವರ್ಷದ ಗಡುವು ಮುಗಿಯುವುದು ಆಸುಪಾಸಿನ ಆ ದಿನಗಳಲ್ಲಿಯೇ. ಸುದ್ದಿಯ ಒಂದು ಬದಿಯಲ್ಲಿ ಎಲ್ಲರೂ ಬಲ್ಲ ತಾರೆಯ ಹೆಸರಿರುತ್ತದೆ. ಇನ್ನೊಂದು ಬದಿಯಲ್ಲಿ ಹೆಚ್ಚಿನವರು ಕೇಳಿಯೇ ಇರದ, ಇಪ್ಪತ್ತರ ಆಜುಬಾಜಿನ ಮೂರು ನಾಲ್ಕು ಹುಡುಗರ ಹೆಸರುಗಳಿರುತ್ತವೆ. ಐಪಿಎಲ್ ಹರಾಜಿನಲ್ಲಿ ಕೋಟಿಗಳ ಮೊತ್ತ ಕಣ್ಣೆದುರೇ ಇರುವುದರಿಂದ ಯಾರ ಬೆಲೆ ಎಷ್ಟು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಬೆಲೆಯನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲ ಹಂತ: ಹುಡುಗ ಯಾವ ಮೆಟ್ಟಿಲಲ್ಲಿದ್ದಾನೆ ಎಂದು ನೋಡಿ

ಮೇಜರ್ ಲೀಗ್‌ನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ ಎಳೆಯರನ್ನು ಪಳಗಿಸುವ ನಾಲ್ಕು ಪೂರ್ಣ ಋತುವಿನ ಮೈನರ್ ಲೀಗ್ ತಂಡಗಳಿವೆ. ಕೆಳಗಿನಿಂದ ಮೇಲಕ್ಕೆ ಅವು ಸಿಂಗಲ್-ಎ, ಹೈ-ಎ, ಡಬಲ್-ಎ ಮತ್ತು ಟ್ರಿಪಲ್-ಎ. ಮೊದಲು 160 ಇದ್ದ ಈ ತಂಡಗಳ ಸಂಖ್ಯೆಯನ್ನು 2021ರಲ್ಲಿ 120ಕ್ಕೆ ಇಳಿಸಲಾಯಿತು. ಇವುಗಳಿಗಿಂತ ಕೆಳಗೆ ಅರಿಜೋನಾ, ಫ್ಲಾರಿಡಾ ಮತ್ತು ಡೊಮಿನಿಕನ್ ಗಣರಾಜ್ಯದ ತರಬೇತಿ ಕೇಂದ್ರಗಳಲ್ಲಿ ನಡೆಯುವ ಹೊಸಬರ ಲೀಗ್‌ಗಳಿವೆ. ಮೈನರ್ ಲೀಗ್ ತಂಡದ ಮೈದಾನ, ಟಿಕೆಟ್, ಅಂಗಡಿ ಇವೆಲ್ಲ ಬಹುಮಟ್ಟಿಗೆ ಆ ಊರಿನ ಮಾಲೀಕರ ಕೈಯಲ್ಲಿದ್ದರೂ, ಆಟಗಾರರ ಸಂಬಳ ಕೊಡುವುದು, ಕೋಚ್‌ಗಳನ್ನು ನೇಮಿಸುವುದು, ಯಾರು ಯಾವ ಹಂತದಲ್ಲಿ ಆಡಬೇಕೆಂದು ತೀರ್ಮಾನಿಸುವುದು ಮೇಲಿನ ತಂಡವೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದನ್ನು ಹತ್ತಿರದಿಂದ ನೋಡುವುದು ಕಷ್ಟವಲ್ಲ. ಬಾಲಾಜಿ ಮಂದಿರಕ್ಕೆಂದು ಬಹಳ ಮಂದಿ ಹೋಗುವ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿಯೇ ನ್ಯೂಯಾರ್ಕ್ ಯಾಂಕೀಸ್‌ನ ಡಬಲ್-ಎ ತಂಡವಾದ ಸಾಮರ್‌ಸೆಟ್ ಪೇಟ್ರಿಯಟ್ಸ್ ಆಡುತ್ತದೆ. ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ ಟೆಕ್ಸಾಸ್ ರೇಂಜರ್ಸ್‌ನ ಡಬಲ್-ಎ ತಂಡವಿದೆ, ಸ್ಯಾನ್ ಹೋಸೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಸಿಂಗಲ್-ಎ ತಂಡವಿದೆ. ಮುಂದೆ ಬರುವ ಹೆಸರುಗಳಲ್ಲಿ ಕೆಲವು ಈ ಮೈದಾನಗಳಲ್ಲಿ ಆಡಿ ಹೋದವು.

ಎರಡನೆಯ ಹಂತ: ಮೈನರ್ ಲೀಗ್‌ನ ಅಂಕಿಗಳನ್ನು ಬೇರೆ ಕಣ್ಣಿನಿಂದ ಓದಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ರಣಜಿ ಟ್ರೋಫಿ ತನ್ನದೇ ಮಾನವಿರುವ ಪಂದ್ಯಾವಳಿ. ಕರ್ನಾಟಕ ಅದನ್ನು ಗೆದ್ದರೆ ಗೆದ್ದ ಸಂತೋಷವೇ ಬೇರೆ. ಮೈನರ್ ಲೀಗ್‌ನಲ್ಲಿಯೂ ಪ್ರಶಸ್ತಿಗಳಿವೆ, ಆದರೆ ಆಟಗಾರರನ್ನು ಕಳಿಸುವ ಮಾತೃತಂಡಕ್ಕೆ ಅವು ಮುಖ್ಯವಲ್ಲ. ಪ್ರಶಸ್ತಿಯ ಓಟದ ನಡುವೆಯೇ ತಂಡದ ಅತ್ಯುತ್ತಮ ಬ್ಯಾಟರ್‌ನನ್ನು ಮೇಲಿನ ಹಂತಕ್ಕೆ ಕರೆಸಿಕೊಂಡರೆ ಸ್ಥಳೀಯ ಮ್ಯಾನೇಜರ್ ತಡೆಯುವಂತಿಲ್ಲ. ಚೆನ್ನಾಗಿಯೇ ಎಸೆಯುತ್ತಿರುವ ಪಿಚರ್‌ನನ್ನು, ಅಂದಿಗೆ ಗೊತ್ತುಮಾಡಿದ ಎಸೆತಗಳ ಸಂಖ್ಯೆ ಮುಗಿಯಿತೆಂದು, ಪಂದ್ಯ ಕೈತಪ್ಪುವಂತಿದ್ದರೂ ಹೊರಗೆ ಕರೆಯುತ್ತಾರೆ. ವೇಗದ ಎಸೆತವೊಂದರಿಂದಲೇ ಎದುರಾಳಿಗಳನ್ನು ಔಟ್ ಮಾಡಬಲ್ಲ ಹುಡುಗನಿಗೆ, ಇನ್ನೂ ಕೈಗೆ ಕೂರದ ನಿಧಾನದ ಚೇಂಜ್‌ಅಪ್ ಎಸೆತವನ್ನು ಪಂದ್ಯದಲ್ಲಿ ಇಷ್ಟು ಬಾರಿ ಎಸೆಯಲೇಬೇಕು ಎಂದು ಹೇಳುವುದುಂಟು. ಅದಕ್ಕೆ ಹೊಡೆತ ಬೀಳುತ್ತದೆ, ಅಂಕಿ ಕೆಡುತ್ತದೆ. ಆದರೆ ಅವನು ಕಲಿಯಬೇಕಾದುದು ಅದನ್ನೇ.

ಆದ್ದರಿಂದ ಮೊದಲು ಹುಡುಗನ ವಯಸ್ಸನ್ನು ಅವನು ಆಡುತ್ತಿರುವ ಹಂತದ ಪಕ್ಕ ಇಟ್ಟು ನೋಡಬೇಕು. ಡಬಲ್-ಎಯಲ್ಲಿ 20ರ ಹುಡುಗ ಸಾಧಾರಣವಾಗಿ ಆಡುವುದು, ಅಲ್ಲಿಯೇ 26ರ ಆಟಗಾರ ಮಿಂಚುವುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ತಂಡಗಳ ಶೋಧಕರು, ಅಂದರೆ ಸ್ಕೌಟ್‌ಗಳು, ವೇಗ, ತೋಳಿನ ಬಲ, ಹೊಡೆತದ ಶಕ್ತಿ ಮುಂತಾದ ಒಂದೊಂದು ಗುಣಕ್ಕೂ 20ರಿಂದ 80ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತಾರೆ; 50 ಎಂದರೆ ಮೇಜರ್ ಲೀಗ್‌ನ ಸರಾಸರಿ ಮಟ್ಟ. ಆ ಅಂಕ ಇಂದಿನ ಆಟಕ್ಕೆ ಒಂದು, ಮುಂದೆ ಆಗಬಹುದಾದ ಆಟಕ್ಕೆ ಇನ್ನೊಂದು. ಟ್ರೇಡ್‌ನಲ್ಲಿ ಬೆಲೆ ಕಟ್ಟುವುದು ಬಹುಪಾಲು ಈ ಎರಡನೆಯದಕ್ಕೆ.

ಮೂರನೆಯ ಹಂತ: ಇಬ್ಬರ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಕೇಳಿ

ಟ್ರೇಡ್‌ನಲ್ಲಿ ಕೈ ಬದಲಾಯಿಸುವುದು ಆಟಗಾರರಾದರೂ ನಿಜಕ್ಕೂ ಕೊಳ್ಳುವುದು ಮಾರುವುದು ಕಾಲವನ್ನು. ಈ ವರ್ಷವೇ ಗೆಲ್ಲಬಲ್ಲ ತಂಡ ಮುಂದಿನ ವರ್ಷಗಳನ್ನು ಕೊಟ್ಟು ಇಂದಿನದನ್ನು ಕೊಳ್ಳುತ್ತದೆ. ಈ ವರ್ಷ ಹೇಗೂ ಸೋತ ತಂಡ ಅದರ ತಿರುಗುಮುರುಗು ಮಾಡುತ್ತದೆ.

2016ರ ಜುಲೈನಲ್ಲಿ ಶಿಕಾಗೊ ಕಬ್ಸ್ ತಂಡ ಯಾಂಕೀಸ್‌ನಿಂದ ಅತಿವೇಗದ ಪಿಚರ್ ಅರೋಲ್ಡಿಸ್ ಚಾಪ್ಮನ್ ಅವರನ್ನು ತಂದಿತು. ಆ ಋತು ಮುಗಿದೊಡನೆ ಅವರ ಒಪ್ಪಂದ ಮುಗಿಯಲಿತ್ತು, ಅಂದರೆ ಕೊಂಡದ್ದು ಮೂರು ತಿಂಗಳ ಸೇವೆ. ಅದಕ್ಕೆ ತೆತ್ತ ನಾಲ್ವರಲ್ಲಿ ಮುಖ್ಯರಾದವರು ಹೈ-ಎ ಹಂತದಲ್ಲಿದ್ದ, 19ರ ಹರೆಯದ ಗ್ಲೇಬರ್ ಟೋರಸ್. ಕಬ್ಸ್ 1908ರಿಂದ ಮೇಜರ್ ಲೀಗ್‌ನ ಅಂತಿಮ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಟೋರಸ್ ಆಡುವ ಜಾಗಗಳಲ್ಲಿ ಆಗಲೇ ಅಡಿಸನ್ ರಸೆಲ್ ಮತ್ತು ಹವಿಯೆರ್ ಬಾಯೆಸ್ ಎಂಬ ಎಳೆಯರು ನೆಲೆಯೂರಿದ್ದರು. ಕಬ್ಸ್ ಆ ವರ್ಷ ಗೆದ್ದಿತು. ಚಾಪ್ಮನ್ ಡಿಸೆಂಬರ್‌ನಲ್ಲಿ ಯಾಂಕೀಸ್‌ಗೇ ಮರಳಿದರು, ಟೋರಸ್ 2018 ಮತ್ತು 2019ರಲ್ಲಿ ಅದೇ ಯಾಂಕೀಸ್ ಪರ ಆಲ್‌ಸ್ಟಾರ್, ಅಂದರೆ ವರ್ಷದ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದವರು, ಆದರು. ಲೆಕ್ಕದಲ್ಲಿ ಯಾಂಕೀಸ್‌ಗೆ ಲಾಭವಾಯಿತೆಂಬುದು ನಿಜ. ಆದರೂ ಶಿಕಾಗೊದಲ್ಲಿ ಈ ಟ್ರೇಡ್ ಬೇಡವಾಗಿತ್ತು ಎನ್ನುವ ಅಭಿಮಾನಿಯನ್ನು ಹುಡುಕುವುದು ಸುಲಭವಲ್ಲ.

ನಾಲ್ಕನೆಯ ಹಂತ: ಉಳಿದಿರುವ ವರ್ಷಗಳನ್ನು ಎಣಿಸಿ

ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷಗಳ ಸೇವೆ ಮುಗಿಸುವವರೆಗೆ ತನಗೆ ಬೇಕಾದ ತಂಡ ಸೇರುವಂತಿಲ್ಲ. ಋತುವಿನಲ್ಲಿ 172 ದಿನ ತಂಡದಲ್ಲಿದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಮೊದಲ ಸುಮಾರು ಮೂರು ವರ್ಷ ಸಂಬಳ ಕನಿಷ್ಠ ಮಟ್ಟದ ಆಸುಪಾಸಿನಲ್ಲಿರುತ್ತದೆ, 2025ರಲ್ಲಿ ಅದು 7,60,000 ಡಾಲರ್. ಆಮೇಲೆ, ಆಟಗಾರ ಮತ್ತು ತಂಡ ಒಪ್ಪದಿದ್ದರೆ ಮೂರನೆಯವರು ಸಂಬಳ ತೀರ್ಮಾನಿಸುವ ಮಧ್ಯಸ್ಥಿಕೆಯ ಮೂಲಕ ಏರುತ್ತ ಹೋಗುತ್ತದೆ. ಹಾಗಾಗಿ ಮೈನರ್ ಲೀಗ್‌ನ ಒಳ್ಳೆಯ ಹುಡುಗನೆಂದರೆ ಅಗ್ಗದ ಸಂಬಳದಲ್ಲಿ ಆರು ವರ್ಷ ಸಿಗುವ ಆಟ; ಅವನಿಗೆ ತಾರೆಯಷ್ಟೇ ಬೆಲೆ ಬರುವುದು ಇದರಿಂದ.

ತಾರೆ ಬ್ಯಾಟರ್ ಹುವಾನ್ ಸೋಟೊ ಅವರ ಎರಡು ಟ್ರೇಡ್‌ಗಳನ್ನು ಪಕ್ಕಪಕ್ಕ ಇಟ್ಟರೆ ಇದು ತಿಳಿಯಾಗುತ್ತದೆ. 2022ರ ಆಗಸ್ಟ್ 2ರಂದು, ಇನ್ನೂ ಎರಡೂವರೆ ಋತುಗಳು ಬಾಕಿಯಿದ್ದಾಗ, ಸ್ಯಾನ್ ಡಿಯಾಗೊ ಪಾಡ್ರೆಸ್ ತಂಡ ಸೋಟೊಗಾಗಿ ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಸೇರಿ ಐವರು ಎಳೆಯರನ್ನೂ ಒಬ್ಬ ಅನುಭವಿಯನ್ನೂ ಕೊಟ್ಟಿತು. ಇಲ್ಲಿ ಹೆಸರಿಸಿದ ಮೂವರೂ ಮುಂದೆ ಆಲ್‌ಸ್ಟಾರ್ ಆದರು. 2023ರ ಡಿಸೆಂಬರ್‌ನಲ್ಲಿ, ಒಂದೇ ಋತು ಬಾಕಿಯಿದ್ದಾಗ, ಪಾಡ್ರೆಸ್ ಅದೇ ಸೋಟೊರನ್ನು ಯಾಂಕೀಸ್‌ಗೆ ಕೊಟ್ಟಿತು. ಆಗ ದೊರೆತದ್ದು ಮೈಕೆಲ್ ಕಿಂಗ್ ಮೊದಲಾದ ನಾಲ್ವರು ಪಿಚರ್‌ಗಳು ಮತ್ತು ಒಬ್ಬ ಕ್ಯಾಚರ್. ಒಳ್ಳೆಯ ಸರಕೇ, ಆದರೆ ಮೊದಲಿನ ಬೆಲೆಯಲ್ಲ.

ಆ ಪಿಚರ್‌ಗಳಲ್ಲಿ ಡ್ರೂ ಥಾರ್ಪ್ ಎಂಬುವರ ಹಾದಿಯನ್ನು ಹಿಡಿದು ಹೋದರೆ ಮೈನರ್ ಲೀಗ್ ಆಟಗಾರನ ಎರಡು ಉಪಯೋಗಗಳೂ ಒಂದೇ ಕತೆಯಲ್ಲಿ ಸಿಗುತ್ತವೆ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾಂಕೀಸ್ ಇವರನ್ನು 2022ರಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿತ್ತು. 2023ರಲ್ಲಿ ಹೈ-ಎಯಿಂದ ಬ್ರಿಡ್ಜ್‌ವಾಟರ್‌ನ ಡಬಲ್-ಎಗೆ ಏರಿದ ಅವರು ಆ ವರ್ಷ ಇಡೀ ಮೈನರ್ ಲೀಗ್‌ಗಳಲ್ಲಿ ಅತಿ ಹೆಚ್ಚು, 182 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಎಸೆತದಿಂದಲೇ ಔಟ್ ಮಾಡುವುದು) ಪಡೆದರು. ಡಿಸೆಂಬರ್‌ನಲ್ಲಿ ಪಾಡ್ರೆಸ್‌ನವರಾದರು. ಮಾರ್ಚ್‌ನಲ್ಲಿ, ಪಾಡ್ರೆಸ್ ಪರ ಮೇಜರ್ ಲೀಗ್‌ನಲ್ಲಿ ಒಂದೂ ಎಸೆತ ಎಸೆಯುವ ಮೊದಲೇ, ಡಿಲನ್ ಸೀಸ್ ಎಂಬ ಪಿಚರ್‌ಗಾಗಿ ಶಿಕಾಗೊ ವೈಟ್ ಸಾಕ್ಸ್‌ಗೆ ಹೋದ ನಾಲ್ವರಲ್ಲಿ ಒಬ್ಬರಾದರು. ಆ ಸೀಸ್ ಅವರೂ 2017ರಲ್ಲಿ ಸಿಂಗಲ್-ಎ ಹುಡುಗನಾಗಿ, ಹೋಸೆ ಕಿಂಟಾನಾ ಎಂಬ ಸ್ಥಾಪಿತ ಪಿಚರ್‌ಗೆ ಪ್ರತಿಯಾಗಿ ಕಬ್ಸ್‌ನಿಂದ ವೈಟ್ ಸಾಕ್ಸ್‌ಗೆ ಬಂದವರೇ. 2024ರ ಜುಲೈ 25ರಂದು ಸೀಸ್ ಪಾಡ್ರೆಸ್ ಪರ ಎದುರಾಳಿಗೆ ಒಂದೂ ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಕೊಡದ ಪಂದ್ಯ ಎಸೆದರು. ಬ್ರಿಡ್ಜ್‌ವಾಟರ್‌ನಲ್ಲಿ ಪಳಗಿದ ತೋಳು ಯಾಂಕೀಸ್‌ಗೆ ಸೋಟೊರನ್ನು, ಪಾಡ್ರೆಸ್‌ಗೆ ಸೀಸ್‌ರನ್ನು ತರಲು ನೆರವಾಯಿತು. ಆ ಎರಡೂ ತಂಡಗಳ ಪರ ಅದು ಮೇಜರ್ ಲೀಗ್‌ನಲ್ಲಿ ಆಡಲೇ ಇಲ್ಲ. ಮೈನರ್ ಲೀಗ್‌ನಲ್ಲಿ ಬೆಳೆಸಿದವರೆಲ್ಲ ಮನೆಯಲ್ಲೇ ಉಳಿಯಬೇಕು ಎಂದು ವಾದಿಸುವವರು ಈ ಸರಪಣಿಯನ್ನು ಒಮ್ಮೆ ನೋಡಬೇಕು.

ಹಾಗೆಂದು ಕೂಡಿಸಿಟ್ಟ ಹುಡುಗರೆಲ್ಲ ಫಲ ಕೊಡುತ್ತಾರೆಂದೂ ಇಲ್ಲ. ಇದೇ ವೈಟ್ ಸಾಕ್ಸ್ 2016 ಮತ್ತು 2017ರಲ್ಲಿ ತಾರೆಗಳನ್ನೆಲ್ಲ ಮಾರಿ ಎಲ್ಲರೂ ಹೊಗಳಿದ ಎಳೆಯರ ಪಡೆಯನ್ನು ಕಟ್ಟಿತು; 2020 ಮತ್ತು 2021ರಲ್ಲಿ ಪ್ಲೇಆಫ್‌ವರೆಗೆ ಹೋಯಿತು; 2024ರಲ್ಲಿ 121 ಪಂದ್ಯ ಸೋತು ಆಧುನಿಕ ಯುಗದ ದಾಖಲೆ ಬರೆಯಿತು.

ಐದನೆಯ ಹಂತ: ಪಟ್ಟಿಯಲ್ಲಿ ಜಾಗವಿದೆಯೇ ಎಂದು ನೋಡಿ

ಮೇಜರ್ ಲೀಗ್ ತಂಡದಲ್ಲಿ ಆಡಲು ಲಭ್ಯರಿರುವವರು 26 ಮಂದಿ; ತಂಡ ಕಾಯ್ದಿಟ್ಟುಕೊಳ್ಳುವ ದೊಡ್ಡ ಪಟ್ಟಿಯಲ್ಲಿ 40 ಮಂದಿ. ಮೈನರ್ ಲೀಗ್‌ನಲ್ಲಿ ನಾಲ್ಕೈದು ವರ್ಷ ಕಳೆದ ಹುಡುಗನನ್ನು ಈ 40ರೊಳಗೆ ಸೇರಿಸದಿದ್ದರೆ, ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ ಅವನನ್ನು ಅಲ್ಪ ಮೊತ್ತಕ್ಕೆ ಎತ್ತಿಕೊಂಡು ಹೋಗಬಹುದು, ಮುಂದಿನ ಋತುವಿಡೀ ಮೇಜರ್ ಲೀಗ್‌ನಲ್ಲಿಯೇ ಇರಿಸಿಕೊಳ್ಳಬೇಕು ಎಂಬ ಕಟ್ಟಳೆಯೊಡನೆ. ಒಳ್ಳೆಯ ಆಟಗಾರರನ್ನು ತಂಡವೊಂದು ಕೂಡಿಹಾಕಿಕೊಂಡು ಕೂರದಿರಲಿ ಎಂದೇ ಈ ನಿಯಮ. 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್‌ನ ಕೆಳತಂಡದಲ್ಲಿದ್ದ ರೊಬೆರ್ಟೊ ಕ್ಲೆಮೆಂಟೆ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಎತ್ತಿಕೊಂಡದ್ದು ಇಂಥದೇ ಡ್ರಾಫ್ಟ್‌ನಲ್ಲಿ. ಆದ್ದರಿಂದ ತಂಡವೊಂದು ಒಳ್ಳೆಯ ಹುಡುಗನನ್ನು ಸುಲಭವಾಗಿ ಬಿಟ್ಟುಕೊಟ್ಟಂತೆ ಕಂಡರೆ ಅವನಿಗೆ ಪಟ್ಟಿಯಲ್ಲಿ ಜಾಗ ಸಿಗುತ್ತಿತ್ತೇ ಎಂದು ಮೊದಲು ನೋಡಿ.

ಆರನೆಯ ಹಂತ: ಸಂಬಳ ಯಾರು ಕೊಡುತ್ತಾರೆ?

2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ತನ್ನ ಹಿರಿಯ ಪಿಚರ್ ಮ್ಯಾಕ್ಸ್ ಶೆರ್ಜರ್ ಅವರನ್ನು ರೇಂಜರ್ಸ್‌ಗೆ ಕೊಟ್ಟಿತು. ಬಂದವರು ಫ್ರಿಸ್ಕೊದಲ್ಲಿ ಆಡುತ್ತಿದ್ದ ಲೂಯಿಸಾಂಹೆಲ್ ಅಕುನ್ಯಾ. ಶೆರ್ಜರ್ ಅವರ ಉಳಿದ ಸಂಬಳದ ಹೆಚ್ಚಿನ ಪಾಲನ್ನು ತಾನೇ ಕೊಡಲು ಮೆಟ್ಸ್ ಒಪ್ಪಿತು. ಬೇಸ್‌ಬಾಲ್‌ನಲ್ಲಿ ಡ್ರಾಫ್ಟ್‌ನ ಸರದಿಯನ್ನು, ಕೆಲವು ವಿಶೇಷ ಸುತ್ತುಗಳನ್ನು ಬಿಟ್ಟರೆ, ಮಾರುವಂತಿಲ್ಲ. ಹಣವಿದ್ದ ತಂಡ ಎಳೆಯ ಪ್ರತಿಭೆಯನ್ನು ಕೊಳ್ಳಲು ಹೀಗೆ ಸಂಬಳದ ದಾರಿ ಹಿಡಿಯುತ್ತದೆ. ರೇಂಜರ್ಸ್ ಆ ವರ್ಷ ತನ್ನ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು.

ಈ ವ್ಯವಹಾರದಲ್ಲಿ ಹುಡುಗನ ಮಾತಿಗೆ ಜಾಗವಿಲ್ಲ. ಟ್ರೇಡ್ ಬೇಡವೆನ್ನುವ ಹಕ್ಕು ಹತ್ತು ವರ್ಷ ಸೇವೆ ಮುಗಿಸಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರಿಗೆ ಅಥವಾ ಒಪ್ಪಂದದಲ್ಲಿಯೇ ಹಾಗೆಂದು ಬರೆಸಿಕೊಂಡವರಿಗೆ ಮಾತ್ರ. ಡಬಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 2022ರವರೆಗೂ 13,800 ಡಾಲರ್ ಇತ್ತು. ಮೈನರ್ ಲೀಗ್ ಆಟಗಾರರು ಸಂಘ ಸೇರಿದ ಮೇಲೆ, 2023ರ ಮೊದಲ ಒಪ್ಪಂದದಲ್ಲಿ, 30,250 ಆಯಿತು. ಕೋಟಿ ಡಾಲರ್‌ಗಳ ಲೆಕ್ಕಾಚಾರದ ಸರಕಾದವರು ಅಲ್ಲಿಯವರೆಗೆ ಇಷ್ಟು ಅಲ್ಪ ಸಂಬಳದಲ್ಲಿ ಬದುಕಿದ್ದು ಈ ವ್ಯವಸ್ಥೆಗೆ ಶೋಭೆ ತರುವ ಸಂಗತಿಯೇನಲ್ಲ.

ಕೊನೆಯ ಹಂತ: ತೀರ್ಪು ಕೊಡುವಾಗ ಅಂದಿನ ದಿನಕ್ಕೆ ಹಿಂದಿರುಗಿ

ಅತಿ ಕೆಟ್ಟ ಟ್ರೇಡ್‌ಗಳ ಪಟ್ಟಿಯಲ್ಲಿ ತಪ್ಪದೆ ಕಾಣುವ ಎರಡನ್ನು ಈ ಕ್ರಮದಲ್ಲಿ ಅಳೆದು ನೋಡೋಣ. ಎರಡೂ ಆಗಸ್ಟ್‌ನಲ್ಲಿ ನಡೆದವು. ಆಗ ಜುಲೈ ಕಳೆದ ಮೇಲೂ ಟ್ರೇಡ್‌ಗೆ ಒಂದು ಸುತ್ತುದಾರಿ ಇತ್ತು, 2019ರಲ್ಲಿ ಅದು ಮುಚ್ಚಿತು.

1987ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡ ಅಟ್ಲಾಂಟಾ ಬ್ರೇವ್ಸ್‌ನಿಂದ 36ರ ಪಿಚರ್ ಡಾಯ್ಲ್ ಅಲೆಗ್ಸಾಂಡರ್ ಅವರನ್ನು ತಂದು, ಗ್ಲೆನ್ಸ್ ಫಾಲ್ಸ್‌ನ ಡಬಲ್-ಎ ತಂಡದಲ್ಲಿದ್ದ 20ರ ಜಾನ್ ಸ್ಮೋಲ್ಟ್ಸ್ ಅವರನ್ನು ಕೊಟ್ಟಿತು. ಸ್ಮೋಲ್ಟ್ಸ್ ಅವರ ಅಂದಿನ ದಾಖಲೆ ನಾಲ್ಕು ಗೆಲುವು, ಹತ್ತು ಸೋಲು. ಅಲೆಗ್ಸಾಂಡರ್ 11 ಪಂದ್ಯಗಳನ್ನು ಆರಂಭಿಸಿ ಒಂದೂ ಸೋಲದೆ ಒಂಬತ್ತನ್ನು ಗೆದ್ದರು. ಟೈಗರ್ಸ್ ಎರಡೇ ಪಂದ್ಯಗಳ ಅಂತರದಿಂದ ತನ್ನ ವಿಭಾಗದಲ್ಲಿ ಮೊದಲಾಯಿತು. ಸ್ಮೋಲ್ಟ್ಸ್ ಮುಂದೆ 213 ಪಂದ್ಯ ಗೆದ್ದು, 154 ಪಂದ್ಯಗಳಲ್ಲಿ ಕೊನೆಗೆ ಬಂದು ತಂಡದ ಮುನ್ನಡೆಯನ್ನು ಕಾಯ್ದು, 2015ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ನನ್ನ ಲೆಕ್ಕದಲ್ಲಿ ಇದು ಕೆಟ್ಟ ಟ್ರೇಡ್ ಅಲ್ಲ, ದುಬಾರಿ ಟ್ರೇಡ್. ಅಲೆಗ್ಸಾಂಡರ್ ಇಲ್ಲದೆ ಟೈಗರ್ಸ್ ಆ ಸ್ಥಾನಕ್ಕೆ ಏರುತ್ತಿರಲಿಲ್ಲ. ಕೇಳಿ ಪಡೆದದ್ದು ಅದನ್ನೇ.

1990ರ ಆಗಸ್ಟ್ 30ರಂದು ಬಾಸ್ಟನ್ ರೆಡ್ ಸಾಕ್ಸ್ ಮಾಡಿದ್ದು ಬೇರೆ ಬಗೆಯದು. ಹ್ಯೂಸ್ಟನ್ ಆಸ್ಟ್ರೋಸ್‌ನಿಂದ 37ರ ರಿಲೀಫ್ ಪಿಚರ್ (ಪಂದ್ಯದ ನಡುವೆ ಬದಲಿಯಾಗಿ ಎಸೆಯಲು ಬರುವವರು) ಲ್ಯಾರಿ ಆಂಡರ್ಸನ್ ಅವರನ್ನು ತಂದು, ನ್ಯೂ ಬ್ರಿಟನ್‌ನ ಡಬಲ್-ಎ ತಂಡದಲ್ಲಿದ್ದ ಜೆಫ್ ಬ್ಯಾಗ್‌ವೆಲ್ ಅವರನ್ನು ಕೊಟ್ಟಿತು. ಬ್ಯಾಗ್‌ವೆಲ್ ಆಡುತ್ತಿದ್ದ ಮೂರನೆಯ ಬೇಸ್‌ನಲ್ಲಿ ವೇಡ್ ಬಾಗ್ಸ್ ಇದ್ದರು, ಕೆಳಗೆ ಟ್ರಿಪಲ್-ಎಯಲ್ಲಿ ಸ್ಕಾಟ್ ಕೂಪರ್ ಇದ್ದರು, ಮೊದಲ ಬೇಸ್‌ಗೆ ಮೋ ವಾನ್ ಬರಲಿದ್ದರು. ಆದ್ದರಿಂದ ಅವರನ್ನು ಕೊಡಲು ಒಪ್ಪಿದ್ದನ್ನು ತಪ್ಪೆನ್ನಲಾಗದು. ಬೆಲೆ ಕಟ್ಟಿದ ರೀತಿ ತಪ್ಪಾಯಿತು. ಬ್ಯಾಗ್‌ವೆಲ್ ಆ ವರ್ಷ ಹೊಡೆದ ಹೋಮ್‌ರನ್ ನಾಲ್ಕೇ ಎಂಬುದು ಬಾಸ್ಟನ್ನಿನವರ ಕಣ್ಣಿಗೆ ದೊಡ್ಡದಾಗಿ ಕಂಡಿತು. ನ್ಯೂ ಬ್ರಿಟನ್‌ನ ಮೈದಾನ ಹೋಮ್‌ರನ್‌ಗೆ ಒಲಿಯುವಂಥದ್ದಲ್ಲ, ಅಲ್ಲಿ ಆಡಿಯೂ ಅವರ ಬ್ಯಾಟಿಂಗ್ ಸರಾಸರಿ .333 ಇತ್ತು, ಆ ಲೀಗ್‌ನ ಅತ್ಯಮೂಲ್ಯ ಆಟಗಾರ ಅವರೇ ಎಂಬುದು ಸಣ್ಣದಾಯಿತು. ಆಸ್ಟ್ರೋಸ್ ಮುಂದಿನ ವಸಂತದಲ್ಲಿ ಅವರನ್ನು ಮೊದಲ ಬೇಸ್‌ಗೆ ಸರಿಸಿತು. ಅದೇ ವರ್ಷ ಅವರು ನ್ಯಾಷನಲ್ ಲೀಗ್‌ನ ಶ್ರೇಷ್ಠ ಹೊಸಬರೆನಿಸಿದರು, 449 ಹೋಮ್‌ರನ್ ಹೊಡೆದು ನಿವೃತ್ತರಾದರು. ಆಂಡರ್ಸನ್ ಬಾಸ್ಟನ್‌ಗಾಗಿ 22 ಇನಿಂಗ್ಸ್ ಎಸೆದರು, ಚೆನ್ನಾಗಿಯೇ ಎಸೆದರು. ಪ್ಲೇಆಫ್‌ನಲ್ಲಿ ಓಕ್ಲೆಂಡ್ ಎದುರು ರೆಡ್ ಸಾಕ್ಸ್ ನಾಲ್ಕಕ್ಕೆ ನಾಲ್ಕೂ ಸೋತ ಮೇಲೆ ಸ್ಯಾನ್ ಡಿಯಾಗೊ ತಂಡ ಸೇರಿಕೊಂಡರು.